ಕಪ್ಪು ಗೋಡೆಯ ಮನೆಗೆ ಗಂಡಿನ ಕಡೆಯವರು

ಮನುಷ್ಯ ಎಂದಮೇಲೆ ಒಂದು ಅಭಿರುಚಿ ಇರಬೇಕು. ನನಗೆ ಅದು ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಂತು. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ವಿದೇಶಿ ಪತ್ರಿಕೆಯಲ್ಲಿ ಕಪ್ಪು ಗೋಡೆ, ಕಪ್ಪು ಪರದೆ, ಬಾವಲಿ, ಬುರುಡೆಗಳ ನಡುವೆ ಒಂದು ಸಂಸಾರ ವರ್ಷವಿಡೀ ಸುಖವಾಗಿ ಬದುಕುತ್ತಿರುವ ಚಿತ್ರಗಳಿದ್ದವು. ಅದಕ್ಕೆ ಗೋಥಿಕ್ ಶೈಲಿ ಎನ್ನುತ್ತಾರಂತೆ. ಅವರಿಗೆ ಸಾಧ್ಯವಾದದ್ದು ನಮ್ಮ ಚಾಮರಾಜಪುರಂನಲ್ಲಿ ಏಕೆ ಸಾಧ್ಯವಿಲ್ಲ?

ಆರೇ ತಿಂಗಳಲ್ಲಿ ಸಾಧಿಸಿ ತೋರಿಸಿದೆ. ಸರ್ಕಾರಿ ಕಚೇರಿಯೊಂದರ ದ್ವಿತೀಯ ದರ್ಜೆ ಗುಮಾಸ್ತನಾದ ನಾನು ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಕಪ್ಪು ಅಂಗಿ ತೊಟ್ಟು ಕಡತ ವಿಲೇವಾರಿ ಮಾಡಿದೆ. ಉಗುರಿಗೆ ಕಪ್ಪು ಬಣ್ಣ ಬಳಿದೆ. ಮನೆಯ ಹಾಲಿನ ದೊಡ್ಡ ಗೋಡೆಗೆ ಕಪ್ಪು ಆಯಿಲ್ ಪೇಂಟ್ ಹೊಡೆದೆ. ಅದರ ಮೇಲೆ ಮೊಳೆ ಹೊಡೆದು ಒಂದು ಪ್ಲಾಸ್ಟರ್ ಬುರುಡೆ ನೇತುಹಾಕಿದೆ. ಮುಖಕ್ಕೆ ಪೌಡರ್ ಮೆತ್ತಿಕೊಂಡು, ಕಣ್ಣಿನ ಕೆಳಗೆ ಕಾಡಿಗೆ ತೀಡಿಕೊಂಡು ಸ್ಟುಡಿಯೋದಲ್ಲಿ ಒಂದು ಕಪ್ಪುಬಿಳುಪು ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಕಪ್ಪು ಕಟ್ಟು ಹಾಕಿಸಿದೆ. ಪಕ್ಕದ ಮನೆಯ ಶಾರದಮ್ಮನವರು ಅದನ್ನು ನೋಡಿ, "ಯಾಕಪ್ಪಾ ಮಂಜು, ಭೇದಿ ಆಗಿತ್ತಾ? ಕಣ್ಣು ಒಳಕ್ಕೋಗ್ಬುಟ್ಟವಲ್ಲೋ!" ಎಂದು ಮರುಗಿದರು. ಕಲೆಗೆ ನಮ್ಮಲ್ಲಿ ಬೆಲೆಯೇ ಇಲ್ಲ.

ಅಮ್ಮನ ಮುಂದೆ ನಾನು ಶಾಸ್ತ್ರಾಧಾರವನ್ನೇ ಇಟ್ಟೆ.

"ಅಮ್ಮಾ, ದಿನಾ ಹಣೆಗೆ ವಿಭೂತಿ ಇಟ್ಕೋತೀಯಲ್ಲ, ಆ ಶಿವ ಎಲ್ಲಿರೋನು? ಸ್ಮಶಾನದಲ್ಲಿ! ಮೈಗೇನು? ಬೂದಿ! ಕತ್ತಿಗೇನು? ರುಂಡಮಾಲೆ! ವರ್ಷವೆಲ್ಲಾ ಹಂಗೇ ತಾನೆ ಇರೋದು?"

"ಶಿವನಿಗೆ ಮದುವೆಗಿರೋ ಅಕ್ಕ ಇರ್ಲಿಲ್ಲ ಕಣೋ!" ಎಂದರು ಅಮ್ಮ.

ನನಗಿದ್ದಳು. ಗಿರಿಜಕ್ಕನಿಗೆ ಮೂವತ್ತೊಂದು ತುಂಬಿತ್ತು. ಅಪ್ಪ ತೀರಿಕೊಂಡಾಗ ಟೀಚರ್ ಕೆಲಸಕ್ಕೆ ಸೇರಿ, ನನ್ನನ್ನು ಓದಿಸಿ, ನನ್ನ ಕೆಲಸ ಕಾಯಂ ಆಗುವವರೆಗೂ ಮದುವೆಯ ಮಾತೆತ್ತಲು ಬಿಟ್ಟಿರಲಿಲ್ಲ. ಆಮೇಲೆ ಮಾತೆತ್ತಿದರೆ, ಬಂದ ಗಂಡುಗಳೆಲ್ಲ ವಯಸ್ಸು ಕೇಳಿ ಉಪ್ಪಿಟ್ಟು ತಿಂದು ಹೋದರು. ಈಗ ಸಿದ್ಧಾರ್ಥನಗರದಿಂದ ಒಂದು ಸಂಬಂಧ ಬಂದಿತ್ತು. ಹುಡುಗನೂ ಮೇಷ್ಟ್ರು. ಅಕ್ಕ ಅವನ ಫೋಟೋವನ್ನು ಎರಡು ಸಲ ನೋಡಿದಳು. ಅಲ್ಲಿಯವರೆಗೆ ಯಾರದ್ದನ್ನೂ ಅವಳು ಎರಡನೇ ಸಲ ನೋಡಿದವಳಲ್ಲ.

ಹೆಣ್ಣು ನೋಡುವ ಶಾಸ್ತ್ರ ದಟ್ಟಗಳ್ಳಿಯ ದೊಡ್ಡಪ್ಪನ ಮನೆಯಲ್ಲಿ ಎಂದು ನಿಶ್ಚಯವಾಗಿತ್ತು. ಕಾರಣ ನನ್ನ ಗೋಡೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ಭಾನುವಾರ ಹನ್ನೆರಡೂವರೆಗೆ ಫೋನು ಬಂತು. ದೊಡ್ಡಪ್ಪ!

"ನಮ್ ಮನೆ ಮುಂದೆ ಒಳಚರಂಡಿಗೆ ಅಗೆದಾಕ್ಬುಟ್ಟವ್ರೆ ಕಣಮ್ಮ, ಕಾಲಿಡೋಕೂ ಜಾಗ ಇಲ್ಲ. ಅವರಿಗೆ ನಿಮ್ಮನೆಗೇ ಬರಾಕೇಳಿದೀನಿ. ನಾಲ್ಕು ಗಂಟೆಗೆ!"

ಅಮ್ಮ ಫೋನಿಟ್ಟು ಗೋಡೆ ನೋಡಿದರು. ಅಕ್ಕ ಗೋಡೆ ನೋಡಿದಳು. ಇಬ್ಬರೂ ಸೇರಿ ನನ್ನನ್ನು ನೋಡಿದರು. 

"ಗಾಬರಿ ಬೇಡ, ಮೂರೂವರೆ ಗಂಟೆ ಇದೆ" ಎಂದು ಘೋಷಿಸಿ ಸುಣ್ಣ ತರಲು ಓಡಿದೆ. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂಬುದು ಇಡೀ ಮೈಸೂರಿಗೆ ಗೊತ್ತು, ನನ್ನೊಬ್ಬನನ್ನು ಬಿಟ್ಟು. ಹಚ್ಚಿದ ಸುಣ್ಣವೆಲ್ಲ ಅಳುಮುಖದ ಹಾಗೆ ಕೆಳಗಿಳಿಯಿತು. ಎರಡು ಗಂಟೆ! ಬುರುಡೆಯನ್ನಾದರೂ ತೆಗೆಯೋಣವೆಂದು ಎಳೆದೆ. ಅದರೊಂದಿಗೆ ತಟ್ಟೆಯಗಲ ಗಾರೆಯೂ ಕಿತ್ತು ಬಂತು. ಒಳಗಿನ ಇಟ್ಟಿಗೆ ಕಂಡಿತು. ಮೂರು ಗಂಟೆ!

ಆಮೇಲೆ ನಡೆದದ್ದಕ್ಕೆ ಒಬ್ಬರನ್ನೇ ದೂರುವ ಹಾಗಿಲ್ಲ. ಅಕ್ಕ ಬಿಳಿ ಬೆಡ್‌ಶೀಟುಗಳನ್ನು ತಂದು ಗೋಡೆಗೆ ಇಳಿಬಿಟ್ಟಳು. ಗಾರೆ ಕಿತ್ತ ಜಾಗದಲ್ಲಿ ಶೀಟು ಒಳಗೆ ಕುಸಿದು ಗುಳಿ ಕಾಣುತ್ತಿತ್ತು. ಅದನ್ನು ಮುಚ್ಚುವಷ್ಟು ದೊಡ್ಡ ವಸ್ತು ಮನೆಯಲ್ಲಿ ಒಂದೇ ಒಂದಿತ್ತು, ನನ್ನ ಫೋಟೋ. ತೂಗುಹಾಕಿದೆ. ಕಾಡಿಗೆ ಕಣ್ಣು ಕಂಡರೆ ಗಂಡಿನ ಕಡೆಯವರು ಬೆದರಿಯಾರೆಂದು, ಬಾಗಿಲಿಗೆ ತಂದಿದ್ದ ಸೇವಂತಿಗೆ ಹಾರವನ್ನು ಮುಖದ ಮೇಲೆ ಇಳಿಯುವಂತೆ ಹಾಕಿದೆ. ಪೇಂಟಿನ ವಾಸನೆ ಹೋಗಲೆಂದು ಅಮ್ಮ ಅದೇ ಗೋಡೆಯ ಕೆಳಗೆ ಸಾಂಬ್ರಾಣಿ ಹಾಕಿ, ಒಂದು ಹಿಡಿ ಊದುಬತ್ತಿ ಹಚ್ಚಿಟ್ಟರು. ಮೂವರೂ ನಮ್ಮ ನಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆವು. ದೂರ ನಿಂತು ಒಟ್ಟಿಗೆ ನೋಡಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು. ಅಮ್ಮ ನನ್ನ ಕಡೆ ತಿರುಗಿದರು. ತಲೆಯಿಂದ ಎದೆಯವರೆಗೆ ಸುಣ್ಣ, ಹತ್ತು ಬೆರಳಿಗೂ ಕಪ್ಪು ಉಗುರು.

"ನೀನು ಬಚ್ಚಲಿಗೆ ನಡಿ. ಅವರು ಹೋಗೋಗಂಟ ಉಸಿರೆತ್ತಿದ್ರೆ ನೋಡು!"

ಬಚ್ಚಲಮನೆ ಹಾಲಿಗೆ ಅಂಟಿಕೊಂಡೇ ಇತ್ತು. ಚಿಲಕ ಹಾಕಿಕೊಂಡು ಬಾಗಿಲಿಗೆ ಕಿವಿಯಿಟ್ಟೆ. ಹೆಜ್ಜೆಗಳು ಒಳಗೆ ಬಂದವು, ತಟ್ಟನೆ ನಿಂತವು.  ಹುಡುಗನ ತಾಯಿಯ ದನಿ ಕೇಳಿತು, ಮೆತ್ತಗೆ.

"ಅಯ್ಯೋ ಶಿವನೇ... ಒಬ್ಬ ತಮ್ಮ ಇದಾನೆ ಅಂದಿದ್ರು. ಇವನೇನಮ್ಮಾ? ಇಷ್ಟು ಎಳೇ ವಯಸ್ಸಿಗೆ..."

 ಈಗ ಅಮ್ಮ 'ಇಲ್ಲ, ಬದುಕಿದ್ದಾನೆ' ಎನ್ನುತ್ತಾರೆ ಎಂದು ಕಾದೆ. ಅಮ್ಮ ಎನ್ನಲಿಲ್ಲ. ಎಂದರೆ, ಎಲ್ಲಿ ತೋರಿಸಿ ಎನ್ನುತ್ತಾರಲ್ಲ! ಸಿಟ್ಟು, ಹೊಗೆ, ಅವಮಾನ ಎಲ್ಲ ಸೇರಿ ಅಮ್ಮ ಗಳಗಳನೆ ಅತ್ತುಬಿಟ್ಟರು. ಹುಡುಗನ ತಾಯಿಯೂ ಜೊತೆಗೆ ಅತ್ತರು.

ಬಚ್ಚಲಲ್ಲಿ ನಿಂತು ನಾನು ಬೆವರುತ್ತಿದ್ದೆ. ಈ ಅವತಾರದಲ್ಲಿ ಹೊರಗೆ ಬಂದರೆ ಅಕ್ಕನ ಮದುವೆ ಹೋಯಿತು. ಬರದಿದ್ದರೆ ನಾನು ಹೋದೆ! ಚಿಲಕದ ಮೇಲೆ ಕೈಯಿಟ್ಟೆ, ಹಿಂದಕ್ಕೆಳೆದುಕೊಂಡೆ, ಮತ್ತೆ ಇಟ್ಟೆ. ಈ ಗಡಿಬಿಡಿಯಲ್ಲಿ ಮೊಣಕೈ ತಗುಲಿ ಚೊಂಬು ಢಣಾರನೆ ಬಿತ್ತು.

"ಒಳಗ್ಯಾರು?" ಗಂಡಿನ ದನಿ.

"ಬೆಕ್ಕು" ಎಂದರು ಅಮ್ಮ, ಬಿಕ್ಕುತ್ತಲೇ.

ಅಕ್ಕ ಕಾಫಿ ಕೊಟ್ಟ ಸದ್ದು ಕೇಳಿತು. ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಎದ್ದರು. ಅಕ್ಕ "ಅರಿಶಿನ ಕುಂಕುಮ ತಗೊಳ್ಳಿ" ಎಂದಳು. "ಇವತ್ತು ಬೇಡಮ್ಮ" ಎಂದರು ಆಕೆ. ಚಪ್ಪಲಿ ಮೆಟ್ಟಿದ ಸದ್ದಾಯಿತು. 'ಹೋಗಿ ಬರ್ತೀವಿ' ಎಂದು ಒಬ್ಬರಾದರೂ ಅನ್ನಲಿ ಎಂದು ಕಿವಿ ನಿಮಿರಿಸಿದೆ. ಅನ್ನಲಿಲ್ಲ. ಸಾವಿನ ಮನೆಯಿಂದ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. ಕಾರು ಹೋಯಿತು. ನಾನು ಅಧಿಕೃತವಾಗಿ ತೀರಿಕೊಂಡಿದ್ದೆ.

ಹೊರಗೆ ಬಂದಾಗ ಅಕ್ಕ ಕಾಫಿ ಲೋಟಗಳನ್ನು ಎತ್ತುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ಅತ್ತೆ, ಕಣ್ಣಿಗೆ ಸುಣ್ಣ ಇಳಿಯಿತು.

ಮಾರನೆಯ ದಿನ ಸಂಜೆ ದೊಡ್ಡಪ್ಪನ ಫೋನು. ಮೊದಲು ನಾನು ಸತ್ತದ್ದನ್ನು ತಮಗೇಕೆ ತಿಳಿಸಲಿಲ್ಲವೆಂದು ಕೂಗಾಡಿದರು. ಬದುಕಿದ್ದೇನೆಂದು ತಿಳಿದ ಮೇಲೆ ಇನ್ನೂ ಜೋರಾಗಿ ಕೂಗಾಡಿದರು. ಕೊನೆಗೆ ವಿಷಯ ಹೇಳಿದರು. ಹುಡುಗನ ಕಡೆಯವರು ಒಪ್ಪಿದ್ದಾರೆ! ಅಂಥ ದುಃಖದಲ್ಲೂ ಬಾಗಿಲಿಗೆ ಬಂದವರಿಗೆ ಕಾಫಿ ಕೊಟ್ಟ ಹುಡುಗಿಯನ್ನು ಬಿಡಬಾರದು, ಸಾವಾದ ಮನೆ, ವರ್ಷದೊಳಗೆ ಶುಭಕಾರ್ಯ ಆಗಿಬಿಡಲಿ ಎಂದಿದ್ದಾರಂತೆ.

ನಾನು ತಕ್ಷಣ ಎದ್ದು ನಿಂತೆ. "ನಾನೇ ಹೋಗಿ ನಿಜ ಹೇಳ್ತೀನಿ!"

"ಕೂತ್ಕೊ ಸುಮ್ನೆ!" ಅಮ್ಮ ಗದರಿದರು. "ತಮ್ಮ ಸತ್ತವ್ನೆ ಅಂದ್ರೆ ಅಯ್ಯೋ ಪಾಪ ಅಂತಾರೆ. ಇಂಥೋನು ಬದುಕವ್ನೆ ಅಂದ್ರೆ ಯಾರು ಹೆಣ್ಣು ತಗೊಂಡಾರು?"

 ಅಷ್ಟರಲ್ಲಿ ಅಕ್ಕ ಫೋನಿನ ಹತ್ತಿರ ಹೋಗಿದ್ದಳು. "ಸುಳ್ಳು ಹೇಳಿ ಮದುವೆ ಆಗೋಕೆ ನನ್ ಕೈಲಾಗಲ್ಲಮ್ಮ" ಎಂದು ನಂಬರ್ ಒತ್ತಿದಳು. ಹುಡುಗನೇ ಎತ್ತಿಕೊಂಡಿರಬೇಕು. ಗೋಡೆ, ಸುಣ್ಣ, ಹಾರ, ಬಚ್ಚಲು, ಒಂದನ್ನೂ ಬಿಡದೆ ಹೇಳಿದಳು. "ಕ್ಷಮಿಸಿ. ನನ್ ತಮ್ಮ ಬದುಕಿದಾನೆ" ಎಂದು ಮುಗಿಸಿದಳು. ಆ ಕಡೆಯಿಂದ ಏನು ಉತ್ತರ ಬಂತೋ, "ಹೂಂ, ಆಗ್ಲಿ" ಎಂದು ಫೋನಿಟ್ಟಳು.

"ಏನಂದ್ರೇ?" ಎಂದರು ಅಮ್ಮ.

"ಮನೇಲಿ ಯೋಚನೆ ಮಾಡಿ ಹೇಳ್ತಾರಂತೆ."

ಯೋಚಿಸಿದರು. ಫೋನು ಹೊಡೆದುಕೊಂಡಾಗಲೆಲ್ಲ ಮೂವರ ಎದೆಯೂ ಹೊಡೆದುಕೊಳ್ಳುತ್ತಿತ್ತು. ಅಕ್ಕ ಶಾಲೆಗೆ ಹೋಗಿ ಬರುತ್ತಿದ್ದಳು, ಊಟದಲ್ಲಿ ಅನ್ನವನ್ನು ಸುಮ್ಮನೆ ಕಲಸುತ್ತಿದ್ದಳು. ನಾನು ಬಿಳಿ ಅಂಗಿ ತೊಟ್ಟು, ವಿಭೂತಿ ಧರಿಸಿ, ಬ್ಲೇಡಿನಲ್ಲಿ ಉಗುರು ಕೆರೆದುಕೊಳ್ಳುತ್ತಾ ಸಭ್ಯನಾಗಿ ಕುಳಿತಿದ್ದೆ.

ಕೊನೆಗೂ ಒಪ್ಪಿಗೆ ಬಂತು, ಮದುವೆಯೂ ಆಯಿತು. ಅಕ್ಕ ಸುಖವಾಗಿದ್ದಾಳೆ. ನನಗೆ ಒಂದೇ ಒಂದು ಕೊರಗು. ಸತ್ತಿದ್ದೇನೆಂದು ತಿಳಿದಿದ್ದಾಗ ಒಂದೇ ದಿನದಲ್ಲಿ ಒಪ್ಪಿದ್ದ ಆ ಪುಣ್ಯಾತ್ಮರು, ನಾನು ಬದುಕಿರುವುದನ್ನು ಒಪ್ಪಿಕೊಳ್ಳಲು ಹದಿನೆಂಟು ದಿನ ತೆಗೆದುಕೊಂಡರು!