ಐದು ಕೊಂಡಿಯ ಸುಳ್ಳು

ಟ್ವೈಲಾ: ನೀನೇ ಹೇಳ್ಬೇಕು. ಎತ್ತಿದವನು ನೀನು.

ರಾಯ್ಸ್: ಹೆತ್ತವಳು ನೀನು.

ಟ್ವೈಲಾ: ಹೆತ್ತಾಗ ಇಪ್ಪತ್ತಂಗುಲ ಇದ್ಲು. ಅಲ್ಲಿಗೆ ನನ್ನ ಜವಾಬ್ದಾರಿ ಮುಗೀತು. ಆಮೇಲಿನ ಎತ್ತರ ಎಲ್ಲ ನಿಮ್ಮ ಮನೆ ಕಡೆಯಿಂದ ಬಂದದ್ದು.

ರಾಯ್ಸ್: ಈಗ ನಮ್ಮನೆಯವರು ಏನು ಮಾಡಿದ್ರು?

ಟ್ವೈಲಾ: ನಿಮ್ಮಕ್ಕ ಚರ್ಚಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರ್ತಾಳೆ. ಮದುವೆ ಆದ ಹೊಸದ್ರಲ್ಲಿ ನಾನದನ್ನ ಭಕ್ತಿ ಅಂದ್ಕೊಂಡಿದ್ದೆ.

ರಾಯ್ಸ್ ಟ್ಯಾಕೆಟ್ ಒಲೆಯ ಮೇಲಿದ್ದ ಹುರುಳಿಕಾಯಿ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ. ಹಸಿವಾಗಿರಲಿಲ್ಲ. ಕೆಂಟಕಿಯ ಆ ಗುಡ್ಡದ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೇ ಪಿಕಪ್ ಟ್ರಕ್ಕುಗಳನ್ನು ಕೊಂಡು ಮಾರುತ್ತ ಬಂದವನಿಗೆ, ಮಾತು ತನ್ನ ವಿರುದ್ಧ ತಿರುಗಿದಾಗ ಯಾವುದಾದರೊಂದು ಮುಚ್ಚಳ ಎತ್ತಿ ಒಳಗೆ ಇಣುಕುವುದು ಅಭ್ಯಾಸವಾಗಿಬಿಟ್ಟಿತ್ತು.

ಬೆಳಿಗ್ಗೆ ಕೋಚ್ ರೋಂಡಾ ಫೋನ್ ಮಾಡಿದ್ದಳು. ಅವರ ಮಗಳು ಲೇನಿ ಆರನೇ ವಯಸ್ಸಿನಿಂದ ಊರಿನ ಚಿಯರ್ ತಂಡದಲ್ಲಿ, ಎಂದರೆ ಕುಣಿದು ಕಸರತ್ತು ಮಾಡಿ ಹುರಿದುಂಬಿಸುವ ಹುಡುಗಿಯರ ತಂಡದಲ್ಲಿ, ಇದ್ದಳು. ಮೂವರು ಹುಡುಗಿಯರು ಅಂಗೈ ಮೇಲೆ ಎತ್ತಿ ಹಿಡಿದರೆ ತುದಿಯಲ್ಲಿ ಒಂಟಿಕಾಲಲ್ಲಿ ನಿಂತು ನಗುವವಳು ಅವಳು. ಆರು ವರ್ಷದಿಂದ ಆ ಜಾಗ ಅವಳದೇ. ಈಗ ಹನ್ನೆರಡು ತುಂಬಿದೆ. ಒಂದೇ ವರ್ಷದಲ್ಲಿ ನಾಲ್ಕಂಗುಲ ಬೆಳೆದಿದ್ದಾಳೆ. ಸೋಮವಾರದಿಂದ ಲೇನಿ ಕೆಳಗೆ ನಿಂತು ಎತ್ತಬೇಕು. ಮೇಲಕ್ಕೆ ಹೋಗುವವಳು ಪೈಪರ್ ಕೂಂಬ್ಸ್, ನಾಯಿ ತಿಂಡಿಯ ದೊಡ್ಡ ಚೀಲದಷ್ಟೇ ತೂಗುವ ಒಂಬತ್ತು ವರ್ಷದ ಹುಡುಗಿ. "ಮನೇಲೇ ಮಾತಾಡ್ಕೊಳ್ಳಿ," ಎಂದಿದ್ದಳು ಕೋಚ್. "ಅಳೋರೆಲ್ಲ ಭಾನುವಾರದೊಳಗೆ ಅತ್ತು ಮುಗಿಸ್ಲಿ. ನನ್ನ ಚಾಪೆ ಒದ್ದೆಯಾಗೋದು ಬೇಡ."

ಲೇನಿ ಗೆಳತಿ ಕ್ಯಾಸಿಯ ಮನೆಯಿಂದ ನಾಲ್ಕಕ್ಕೆ ಬರುವವಳಿದ್ದಳು. ಗಂಟೆ ಮೂರೂವರೆ.

ರಾಯ್ಸ್: ಹೇಳೋದಕ್ಕೂ ಒಂದು ಕ್ರಮ ಅಂತ ಇದೆ. ಮೊದ್ಲು ಎಂಜಿನ್ ವಿಷಯ, ಆಮೇಲೆ ತುಕ್ಕು.

ಟ್ವೈಲಾ: ನಾವು ಮಗಳನ್ನ ಮಾರ್ತಿಲ್ಲ.

ರಾಯ್ಸ್: ಕ್ಲಚ್ ಹೋದ ಗಾಡೀನ ಪಾದ್ರಿಗೇ ಮಾರಿದೀನಿ ಮಾರಾಯ್ತಿ. ಕೈ ಕುಲುಕಿ, ದೇವರು ಒಳ್ಳೇದು ಮಾಡ್ಲಿ ಅಂತ ಹೇಳಿ ಹೋದ.

ಟ್ವೈಲಾ: ಅದರ ಮುಂದಿನ ಭಾನುವಾರ ಸುಳ್ಳು ಹೇಳೋದ್ರ ಬಗ್ಗೆ ಮುಕ್ಕಾಲು ಗಂಟೆ ಉಪದೇಶ ಮಾಡಿದ. ನಮ್ಮ ಬೆಂಚಿನ ಕಡೆ ನೋಡ್ಕೊಂಡು.

ರಾಯ್ಸ್: ಅದು ಎಲ್ಲರಿಗೂ ಹೇಳಿದ್ದು.

ಟ್ವೈಲಾ: ಮಧ್ಯದಲ್ಲಿ "ಗೇರು" ಅಂತ ಎರಡು ಸಲ ಹೇಳಿದ, ರಾಯ್ಸ್. ಬೈಬಲ್‌ನಲ್ಲಿ ಗೇರು ಎಲ್ಲಿದೆ?

ರಾಯ್ಸ್ ಕಿಟಕಿಯಾಚೆ ನೋಡಿದ. ಅಂಗಳದ ಆ ಬದಿಯಲ್ಲಿ ರಿಪೇರಿ ಶೆಡ್ಡು. ಅದರ ತೊಲೆಯಿಂದ ಎಂಜಿನ್ ಎತ್ತುವ ಸರಪಳಿ ಇಳಿಬಿದ್ದಿದೆ, ಅದರ ತುದಿಗೊಂದು ಕೊಕ್ಕೆ. ಆರು ವರ್ಷದಿಂದ ದಿನಾ ಸಂಜೆ ಊಟಕ್ಕೆ ಮೊದಲು ಅವನು ಆ ಕೊಕ್ಕೆಯ ಕೆಳಗೆ ನಿಂತು ಮಗಳನ್ನು ಎರಡು ಅಂಗೈ ಮೇಲೆ ಎತ್ತಿ ಹಿಡಿಯುತ್ತಿದ್ದ. ಅವಳು ಮೊಣಕಾಲು ಬಿಗಿದು, ಬೆನ್ನು ನೆಟ್ಟಗೆ ಮಾಡಿ, ತೋಳು ಪೂರ್ತಿ ಚಾಚಿದರೆ ಬೆರಳ ತುದಿ ಕೊಕ್ಕೆಗೆ ತಾಗಬೇಕು. ತಾಗಿದರೆ ಅಂದಿನ ಅಭ್ಯಾಸ ಮುಗಿದಂತೆ. ಟ್ವೈಲಾ ಮಡಚುವ ಕುರ್ಚಿ ಹಾಕಿಕೊಂಡು, ತಣ್ಣನೆಯ ಸಿಹಿ ಚಹಾ ಹಿಡಿದು, ಕೆಳಗಿನಿಂದ ಕೂಗುತ್ತಿದ್ದಳು: ಗದ್ದ ಮೇಲೆ, ಮೊಣಕಾಲು ಬಿಗಿ, ಹಲ್ಲು ಕಾಣ್ಲಿ. ಸೋಮವಾರದಿಂದ ಆ ಶೆಡ್ಡಿನಲ್ಲಿ ಎತ್ತುವುದಕ್ಕೆ ಎಂಜಿನ್ ಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ.

ರಾಯ್ಸ್: ನಂಗೇನೋ ಅವಳು ಅಷ್ಟೇನೂ ಬೆಳೆದಂಗೆ ಕಾಣಲ್ಲ. ನಿನ್ನೆ ಸಂಜೆಯೂ ಕೊಕ್ಕೆ ಬರೀ ಬೆರಳ ತುದಿಗೇ ತಾಗಿದ್ದು. ಮೊದಲಿನ ಹಾಗೇ.

ಟ್ವೈಲಾ: ತಾಗುತ್ತೆ. ಯಾಕೆ ತಾಗಲ್ಲ?

ರಾಯ್ಸ್: ಅಂದ್ರೆ?

ಟ್ವೈಲಾ: ಚರ್ಚಿಗೆ ಹೊರಡೋ ಮೊದ್ಲು, ಟೈ ಕಟ್ಕೊಂಡು, ಏಣಿ ಹತ್ತಿ ಸರಪಳಿ ಒಂದು ಕೊಂಡಿ ಮೇಲಕ್ಕೆ ಎಳೆದ್ರೆ ಬರೀ ತುದಿಗೇ ತಾಗ್ದೇ ಇನ್ನೇನು?

ಮುಚ್ಚಳ ಎತ್ತಿ ನೋಡಲು ಕೈಗೆ ಇನ್ನೊಂದು ಪಾತ್ರೆ ಸಿಗಲಿಲ್ಲ.

ರಾಯ್ಸ್: ಎಣ್ಣೆ ಹಾಕೋಕೆ ಹತ್ತಿದ್ದೆ.

ಟ್ವೈಲಾ: ಒಂದು ವರ್ಷದಲ್ಲಿ ಐದು ಸಲ. ಈ ಅಡುಗೆಮನೆ ಕಿಟಕಿ ಏನು ಗೋಡೆಗೆ ಬರೆದ ಚಿತ್ರ ಅಂದ್ಕೊಂಡ್ಯಾ? ಓಡಿದ ಮೈಲಿ ಕಮ್ಮಿ ತೋರ್ಸೋಕೆ ಮೀಟರ್ ಹಿಂದಕ್ಕೆ ತಿರುಗಿಸೋ ಬುದ್ಧಿ ಎಲ್ಲಿ ಹೋಗುತ್ತೆ.

ರಾಯ್ಸ್: ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಗಾಡಿ ಮೀಟರ್ ಮುಟ್ಟಿಲ್ಲ ನಾನು. ಯಾರನ್ನ ಬೇಕಾದ್ರೂ ಕೇಳು.

ಟ್ವೈಲಾ: ಗಾಡೀದು ಮುಟ್ಟಿಲ್ಲ. ಮಗಳದ್ದು ಮುಟ್ಟಿದೀಯ.

ರಾಯ್ಸ್: ನೀನು ಬಹಳ ಸಾಚಾ. ತಂಡದ ಫಾರ್ಮಲ್ಲಿ ಅವಳ ಎತ್ತರ ಏನು ಬರೆದಿದೀಯ ಈ ಸಲ?

ಟ್ವೈಲಾ: ಇದ್ದದ್ದು ಬರೆದೆ.

ರಾಯ್ಸ್: ಯಾವ ವರ್ಷ ಇದ್ದದ್ದು?

ಟ್ವೈಲಾ ಒರೆಸುವ ಬಟ್ಟೆ ತೆಗೆದುಕೊಂಡು, ಆಗಲೇ ಎರಡು ಸಲ ಒರೆಸಿದ್ದ ಮೇಜನ್ನು ಮೂರನೇ ಸಲ ಒರೆಸಿದಳು.

ಟ್ವೈಲಾ: ಬೂಟು ಬಿಚ್ಚಿಸಿ ಅಳೆದಿದ್ದೆ.

ರಾಯ್ಸ್: ಬೂಟು ಬಿಚ್ಚಿದ್ರೆ ನಾಲ್ಕಂಗುಲ ಹೋಗುತ್ತಾ? ಏನು ಹಾಕ್ಕೊಂಡಿದ್ಲು, ಮರಗಾಲಾ?

ಟ್ವೈಲಾ: ಆ ಮಾತು ಬಿಡು. ನಿನ್ನ ಮೈಯಿಂದ ಮೂರು ತಿಂಗಳಿಂದ ನೋವಿಗೆ ತಿಕ್ಕೋ ಕುದುರೆ ಎಣ್ಣೆ ವಾಸನೆ ಬರ್ತಿದೆ, ಅದಕ್ಕೇನಂತೀಯ?

ರಾಯ್ಸ್: ಒಂದು ಟ್ರಕ್ಕಲ್ಲಿ ಚೆಲ್ಲಿತ್ತು.

ಟ್ವೈಲಾ: ಸೊಂಟದ ಮಟ್ಟಕ್ಕೇ ಚೆಲ್ಲಿತಾ? ಅಂಗಿ ಒಗೆಯೋಳು ನಾನು. ಮುಂಭಾಗ ಒಣಗಿರುತ್ತೆ, ಹಿಂಭಾಗ ಅಂಟಂಟು. ಬೆನ್ನು ಹೋಗಿದೆ ಅಂತ ಒಪ್ಕೋ.

ರಾಯ್ಸ್: ಬೆನ್ನು ಎಲ್ಲೂ ಹೋಗಿಲ್ಲ.

ಟ್ವೈಲಾ: ಹಾಗಾದ್ರೆ ಆ ಚಮಚ ಎತ್ತಿಕೊಡು.

ಚಮಚ ನೆಲದ ಮೇಲಿತ್ತು. ರಾಯ್ಸ್ ಅದನ್ನು ಕೊಳ್ಳಲು ಬಂದ ಗಿರಾಕಿಯ ಹಾಗೆ ಸುತ್ತಲಿಂದ ನೋಡಿದ. ಆಮೇಲೆ ಅದು ಅಲ್ಲಿದ್ದರೇನು ತೊಂದರೆ ಎಂದ. ಅಷ್ಟರಲ್ಲಿ ಹೊರಗೆ ಜಾಲರಿ ಬಾಗಿಲು ಬಡಿದ ಸದ್ದಾಯಿತು.

ಟ್ವೈಲಾ: ಬಂದ್ಲು. ಹೇಳು.

ರಾಯ್ಸ್: ಪೈ ಕೊಡು ಮೊದ್ಲು. ಸಿಹಿ ತಿಂತಾ ಕೇಳಿಸ್ಕೊಂಡ್ರೆ ಹಗುರ.

ಲೇನಿ ಒಳಗೆ ಬಂದಳು. ತಲೆಯ ಮೇಲಿನ ದೊಡ್ಡ ನೀಲಿ ರಿಬ್ಬನ್ ತಗ್ಗು ಬಾಗಿಲ ಚೌಕಟ್ಟಿಗೆ ತಾಗಿ ಓರೆಯಾಯಿತು. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿ, ನೋಡದವರಂತೆ ಬೇರೆ ಕಡೆ ತಿರುಗಿದರು. ಮೇಜಿನ ಮೇಲೆ ಬ್ಲ್ಯಾಕ್‌ಬೆರಿ ಪೈ, ಅರ್ಧ ತಟ್ಟೆ ತುಂಬುವ ತುಂಡು. ಟೀವಿ ಆರಿಸಿದೆ. ಅಪ್ಪ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಾನೆ.

ಲೇನಿ: ಯಾರು ಸತ್ರು?

ಟ್ವೈಲಾ: ಯಾರೂ ಇಲ್ಲ ಕಣೆ. ಕೂತ್ಕೋ.

ಲೇನಿ: ಊಟಕ್ಕೆ ಮೊದ್ಲು ಪೈ ಕೊಟ್ಟಿದ್ದು ಇದುವರೆಗೆ ಒಂದೇ ಸಲ. ನಮ್ಮ ನಾಯಿ ಬಸ್ಟರ್ ಲಾರಿ ಕೆಳಗೆ ಸಿಕ್ಕಿದ ದಿನ. ಅಜ್ಜಿಗೇನಾಯ್ತು?

ಟ್ವೈಲಾ: ಅಜ್ಜಿ ಗಟ್ಟಿಮುಟ್ಟಾಗಿದಾಳೆ. ಬೆಳಿಗ್ಗೆ ಫೋನಲ್ಲಿ ನನ್ನನ್ನ ಬೈದ್ಲು.

ರಾಯ್ಸ್: ಲೇನಿ, ನೋಡು. ಒಂದು ಪಿಕಪ್ ಟ್ರಕ್ಕು ಇದೆ ಅಂತಿಟ್ಕೋ.

ಲೇನಿ: ಹೂಂ.

ರಾಯ್ಸ್: ಒಳ್ಳೇ ಟ್ರಕ್ಕು. ತುಂಬ ವರ್ಷ ಒಂದೇ ಥರದ ಕೆಲಸ ಮಾಡ್ಕೊಂಡು ಬಂದಿದೆ. ಯಾರದೂ ತಪ್ಪಲ್ಲ. ಆದ್ರೆ ಒಂದು ದಿನ ಬರುತ್ತೆ, ಇದ್ದ ಹಾಗೇ ಇರೋಕಾಗಲ್ಲ, ಜಾಗ ಬದಲಾಯಿಸ್ಬೇಕು. ಪ್ರೀತಿ ಏನೂ ಕಮ್ಮಿಯಾಗಿಲ್ಲ...

ಲೇನಿ ಫೋರ್ಕ್ ಕೆಳಗಿಟ್ಟಳು.

ಲೇನಿ: ನೀವಿಬ್ರೂ ಬೇರೆ ಆಗ್ತಿದ್ದೀರಾ?

ಟ್ವೈಲಾ: ಏನಂದೆ?

ಲೇನಿ: ಕ್ಯಾಸಿ ಮನೇಲೂ ಹಿಂಗೇ ಶುರುವಾಗಿದ್ದು. ಅವಳಪ್ಪ ದೋಣಿ ಅಂದಿದ್ದ, ಅಪ್ಪ ಟ್ರಕ್ಕು ಅಂತಿದಾನೆ. ಯಾರು ಬಿಟ್ಟು ಹೋಗ್ತಿರೋದು?

ಟ್ವೈಲಾ: ಅಲ್ಲ, ನಾನೇ ಟ್ರಕ್ಕು ಅಂದ್ಕೊಂಡ್ಯಾ ನೀನು?

ರಾಯ್ಸ್: ಟ್ರಕ್ಕು ಅವಳಲ್ಲ. ಟ್ರಕ್ಕು ನೀನು.

ಲೇನಿ: ನನ್ನನ್ನ ಕಳಿಸ್ತಿದ್ದೀರಾ? ಎಲ್ಲಿಗೆ?

ಟ್ವೈಲಾ: ಪಾದ್ರಿಗೆ ಗಾಡಿ ಮಾರಿದ್ದು ಹೇಗೆ ಅಂತ ಈಗ ಗೊತ್ತಾಯ್ತು. ಅವನಿಗೆ ಏನೂ ಅರ್ಥ ಆಗಿರಲ್ಲ.

ರಾಯ್ಸ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಬೆನ್ನು ಚುಳ್ ಎಂದಿತು.

ರಾಯ್ಸ್: ಕೋಚ್ ಫೋನ್ ಮಾಡಿದ್ಲು. ಸೋಮವಾರದಿಂದ ನೀನು ಕೆಳಗೆ. ಮೇಲೆ ಪೈಪರ್.

ಲೇನಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಪೈ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ದೊಡ್ಡದೊಂದು ತುಂಡು ಬಾಯಿಗಿಟ್ಟಳು.

ಲೇನಿ: ಅಷ್ಟೇನಾ?

ಟ್ವೈಲಾ: ಅಷ್ಟೇನಾ ಅಂದ್ರೆ?

ಲೇನಿ: ನಾನೇ ಕೇಳಿದ್ದು ಕೋಚ್‌ನ. ಜುಲೈನಲ್ಲೇ.



ರಾಯ್ಸ್: ನೀನೇ ಕೇಳಿದ್ಯಾ? ಕೆಳಗೆ ಬರ್ತೀನಿ ಅಂತ?

ಲೇನಿ: ಮೇಲೆ ನಿಂತ್ರೆ ಎರಡೂವರೆ ನಿಮಿಷ ನಗ್ತಾನೇ ಇರ್ಬೇಕು, ಕೆನ್ನೆ ನೋಯುತ್ತೆ. ಕೆಳಗಿದ್ರೆ ಮುಖ ಹೆಂಗಿದ್ರೂ ನಡಿಯುತ್ತೆ. ಮತ್ತೆ ಪೈಪರ್ ಬಿದ್ರೆ ಹಿಡ್ಕೊಳ್ಳೋಕೆ ನಂಗೆ ಬರುತ್ತೆ. ನಾನು ಎಷ್ಟು ಸಲ ಬಿದ್ದಿಲ್ಲ.

ಟ್ವೈಲಾ: ಕೇಳಿದ್ದು ನೀನಾದ್ರೆ ಮನೇಲಿ ಯಾಕೆ ಹೇಳ್ಲಿಲ್ಲ?

ಲೇನಿ: ಅಪ್ಪನಿಗೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ. ನೀವೇ ಹೇಳಿ ಅಂತ ನಿನ್ನೆ ಕೋಚ್‌ಗೆ ಅಂದೆ. "ಸರಿ, ಅತ್ತು ಮುಗಿಸೋಕೆ ನಿಮ್ಮಪ್ಪನಿಗೆ ಭಾನುವಾರದವರೆಗೆ ಟೈಮ್ ಕೊಡ್ತೀನಿ" ಅಂದ್ಲು.

ಟ್ವೈಲಾ ಬಾಯಿಗೆ ಬಟ್ಟೆ ಅಡ್ಡ ಹಿಡಿದಳು. ಭುಜ ಕುಲುಕುತ್ತಿತ್ತು.

ರಾಯ್ಸ್: ಆ ಮಾತು ನನಗಾ?

ಲೇನಿ: ಹೋದ ವರ್ಷ ಸ್ಪರ್ಧೆ ದಿನ ಮುಂದಿನ ಸಾಲಲ್ಲಿ ಕೂತು ಅತ್ತವನು ಯಾರು? ನಾವು ಗೆದ್ದಿದ್ವಿ ಅವತ್ತು.

ರಾಯ್ಸ್: ಕಣ್ಣಿಗೆ ಹೊಳಪಿನ ಪುಡಿ ಬಿದ್ದಿತ್ತು.

ಲೇನಿ: ಮತ್ತೆ ನಿನ್ನ ಕೈ ನಡುಗುತ್ತೆ ಅಪ್ಪ. ಅಂಗಾಲಿಗೆ ಗೊತ್ತಾಗುತ್ತೆ. ನನ್ನ ಇಳಿಸಿದ ತಕ್ಷಣ "ಸೈಲೆನ್ಸರ್ ನೋಡ್ತೀನಿ" ಅಂತ ಟ್ರಕ್ಕಿನ ಕೆಳಗೆ ಹೋಗಿ ಇಪ್ಪತ್ತು ನಿಮಿಷ ಮಲಗಿರ್ತೀಯ.

ರಾಯ್ಸ್: ಸೈಲೆನ್ಸರ್ ನೋಡ್ಲೇಬೇಕಲ್ಲ.

ಲೇನಿ: ಒಂದಿನ ಆ ಟ್ರಕ್ಕಿಗೆ ಸೈಲೆನ್ಸರೇ ಇರ್ಲಿಲ್ಲ. ಆಮೇಲೆ ಆ ಕೊಕ್ಕೆ...

ರಾಯ್ಸ್: ಕೊಕ್ಕೆಗೇನಾಗಿದೆ?

ಲೇನಿ: ಐದು ಕೊಂಡಿ. ಅದರ ಹತ್ರ ಇದ್ದವಳು ನಾನಪ್ಪ. ನಂಗೆ ಕಾಣಲ್ವಾ?

 ರಾಯ್ಸ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ.

ರಾಯ್ಸ್: ಹಂಗಾದ್ರೆ ಸಂಜೆ ಶೆಡ್ಡಿಗೆ ಬೀಗ ಹಾಕ್ಬಹುದು ಅನ್ನು.

ಲೇನಿ: ಯಾಕೆ? ಎತ್ತೋದು ಕಲೀಬೇಕಲ್ಲ ನಾನೀಗ. ಸೋಮವಾರದೊಳಗೆ. ಎತ್ತೋಕೆ ಯಾರಾದ್ರೂ ಬೇಕು. ಪುಟ್ಟದಾಗಿರೋರು.

ಅಪ್ಪ ಮಗಳು ಒಟ್ಟಿಗೇ ಟ್ವೈಲಾಳ ಕಡೆ ತಿರುಗಿದರು. ಐದಡಿ ಎತ್ತರ, ಅದೂ ಬೂಟು ಸೇರಿಸಿ.

ಟ್ವೈಲಾ: ಏನು? ಯಾಕೆ ಇಬ್ರೂ ಹಂಗೆ ನೋಡ್ತೀರಿ? ಒಲೆ ಮೇಲೆ ಹುರುಳಿಕಾಯಿ ಇದೆ ನಂಗೆ.

ಹತ್ತು ನಿಮಿಷದ ಮೇಲೆ ಹುರುಳಿಕಾಯಿ ಒಲೆಯಿಂದ ಇಳಿದಿತ್ತು, ಶೆಡ್ಡಿನಲ್ಲಿ ಕೊಕ್ಕೆಯ ಕೆಳಗೆ ಟ್ವೈಲಾ ಮೇಲೇರಿದ್ದಳು. ತೀರಾ ಮೇಲೇನಲ್ಲ. ಅಪ್ಪ ಮಗಳು ಅಕ್ಕಪಕ್ಕ ನಿಂತು ತಲಾ ಒಂದು ಮಂಡಿ ಬಗ್ಗಿಸಿದ್ದರು. ಅವನ ತೊಡೆಯ ಮೇಲೆ ಅವಳದೊಂದು ಕಾಲು, ಮಗಳ ತೊಡೆಯ ಮೇಲೆ ಇನ್ನೊಂದು. ಬೆನ್ನಿಗೆ ಭಾರ ಬೀಳದ ಭಂಗಿ, ಲೇನಿಯೇ ಹೇಳಿಕೊಟ್ಟದ್ದು. ನೆಲದಿಂದ ಎರಡಡಿ. ಅಂಗಳದಲ್ಲಿ ಮಡಚುವ ಕುರ್ಚಿ ಖಾಲಿ ಇತ್ತು.

ಟ್ವೈಲಾ: ಇಳಿಸಿ. ಇಬ್ರಿಗೂ ಹೇಳ್ತಿದೀನಿ. ಇಳಿಸಿ ನನ್ನ.

ರಾಯ್ಸ್: ಗದ್ದ ಮೇಲೆ.

ಲೇನಿ: ಮೊಣಕಾಲು ಬಿಗಿ ಅಮ್ಮ. ನನ್ನ ಕೂದ್ಲು ಬಿಡು ಮೊದ್ಲು.

ರಾಯ್ಸ್: ಹಲ್ಲು ಕಾಣ್ಲಿ.

ಟ್ವೈಲಾ: ಕೆಳಗೆ ಬಂದ್ಮೇಲೆ ಕಾಣಿಸ್ತೀನಿ ನಿಂಗೆ ಹಲ್ಲು. ಆರು ವರ್ಷ ಇದನ್ನ ಹೆಂಗೆ ಮಾಡಿದ್ಯೇ ನೀನು? ಇಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ವಲ್ಲೇ.

ಲೇನಿ: ಅದಕ್ಕೇ ಕೈ ಮೇಲಕ್ಕೆ ಚಾಚೋದು. ಚಾಚು. ನಾನು ಹಿಡ್ಕೊಂಡಿದೀನಿ.

ಟ್ವೈಲಾ ಮೊದಲು ಒಂದು ಕೈ ಬಿಟ್ಟಳು. ಬಹಳ ಹೊತ್ತಾದ ಮೇಲೆ ಇನ್ನೊಂದು. ಮಗಳ ಕೈ ಅವಳ ಮಂಡಿಯನ್ನು ಬಳಸಿ ಹಿಡಿದಿರುವುದನ್ನು ರಾಯ್ಸ್ ನೋಡಿದ. ಎಳ್ಳಷ್ಟೂ ಅಲುಗುತ್ತಿರಲಿಲ್ಲ ಆ ಕೈ. ಕಣ್ಣಿಗೆ ಏನೋ ಬಿದ್ದಂತಾಯಿತು; ಶೆಡ್ಡಿನಲ್ಲಿ ಹೊಳಪಿನ ಪುಡಿ ಇರಲಿಲ್ಲವಾದ್ದರಿಂದ ಅವನು ಅದನ್ನು ಗ್ರೀಸಿನ ಲೆಕ್ಕಕ್ಕೆ ಹಾಕಿದ. ಮೇಲೆ ಹೆಂಡತಿ ಬೈಯುವುದನ್ನು ನಿಲ್ಲಿಸಿದ್ದಳು. ಅವಳ ಬೆನ್ನು ನೆಟ್ಟಗಾಗಿತ್ತು, ತೋಳು ಪೂರ್ತಿ ಚಾಚಿತ್ತು, ಯಾರೂ ಮತ್ತೆ ಹೇಳದಿದ್ದರೂ ಹಲ್ಲು ಕಾಣುತ್ತಿತ್ತು. ಬೆರಳುಗಳು ಮೂರಡಿ ಮೇಲಿದ್ದ ಕೊಕ್ಕೆಯ ಕಡೆ ಚಾಚಿ ಚಾಚಿ ತಡಕಾಡುತ್ತಿದ್ದವು.

ರಾಯ್ಸ್: ಸಾಕು. ಇವತ್ತಿಗೆ ಇಷ್ಟು ಸಾಕು, ಇಳಿ.

ಟ್ವೈಲಾ: ಆ ಕೊಕ್ಕೆ ತಾಗ್ದೇ ಇಳಿಯೋ ಪದ್ಧತಿ ಇಲ್ಲ ಇಲ್ಲಿ.

ರಾಯ್ಸ್: ನಿಂಗೆ ಅದು ತಾಗೋಕೆ ಇನ್ನೊಂದು ಜನ್ಮ ಬೆಳೀಬೇಕು.

ಟ್ವೈಲಾ: ಸರಪಳಿ ಕೆಳಗೆ ಬಿಡು.

ರಾಯ್ಸ್: ಎಷ್ಟು ಕೊಂಡಿ?

ಟ್ವೈಲಾ: ನನ್ನ ಕೈಗೆ ಎಟಕೋವರೆಗೆ.

ರಾಯ್ಸ್: ಅದು ಮೋಸ ಅಲ್ವೇನೆ?

ಟ್ವೈಲಾ: ಈ ಮನೇಲಿ ಹಂಗೇ ತಾನೇ ಅಳೆಯೋದು?