ಬುಟ್ಟಿಯ ಸೈಕಲ್ಲು, ಭಾಲ್ಕಿಯ ಕುಂಬಳಕಾಯಿ

ಇಷ್ಟೆಲ್ಲ ರಾಮಾಯಣ ಶುರುವಾದದ್ದು ಗೋಡೆಗೆ ಅಂಟಿಸಿದ ಒಂದು ಕಾಗದದಿಂದ. ಔರಾದದ ಆ ಸರಕಾರಿ ಕಚೇರಿಯ ಗೋಡೆಗೆ ವರ್ಷಕ್ಕೆ ನೂರು ಕಾಗದ ಅಂಟುತ್ತವೆ, ಒಂದನ್ನೂ ಯಾರೂ ಓದುವುದಿಲ್ಲ. ಇದನ್ನು ಮಾತ್ರ ಹೊಸ ಸಾಹೇಬರಾದ ಸಪನಾ ಮೇಡಮ್ಮನವರೇ ಖುದ್ದು ನಿಂತು ಅಂಟಿಸಿದ್ದರು. ಬರುವ ರವಿವಾರ ಬೀದರದಿಂದ ಭಾಲ್ಕಿ, ಅಲ್ಲಿಂದ ಮಾಂಜ್ರಾ ನದಿ ದಾಟಿ ಔರಾದ, ಎಲ್ಲವೂ ಸೈಕಲ್ ಮೇಲೆ, ಇಷ್ಟವಿದ್ದವರು ಬರಬಹುದು. ಸಾಹೇಬರ ಬಾಯಲ್ಲಿ ‘ಇಷ್ಟವಿದ್ದವರು’ ಅಂದರೆ ಏನರ್ಥ ಅಂತ ಇಪ್ಪತ್ತೆರಡು ವರ್ಷ ನೌಕರಿ ಮಾಡಿದ ಹಾವಗೆಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾವಗೆಪ್ಪನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ, ಬೀದರಕ್ಕೆ ವರ್ಗ. ಮನೆ ಬೀದರದಲ್ಲಿ, ಕುರ್ಚಿ ಔರಾದದಲ್ಲಿ. ಮೂರು ವರ್ಷದಿಂದ ಮುಂಜಾನೆ ಆರೂವರೆಯ ಬಸ್ಸು ಹಿಡಿಯುವುದು, ಕೂತಲ್ಲೇ ನಿದ್ದೆ ಹೊಡೆಯುವುದು. ಮಗಳು ಶಿವಾನಿ ಸಾಲಿ ಯೂನಿಫಾರ್ಮಿನಲ್ಲಿ ಹ್ಯಾಗೆ ಕಾಣುತ್ತಾಳೆ ಅಂತ ಪಾಪ ಅವನು ಫೋಟೋದಲ್ಲೇ ನೋಡಿಕೊಳ್ಳಬೇಕು. ವರ್ಗಕ್ಕಾಗಿ ಮೂರು ಅರ್ಜಿ ಕೊಟ್ಟಿದ್ದ. ಮೊದಲನೆಯದರಲ್ಲಿ ತಾಯಿಯ ವಯಸ್ಸು, ಎರಡನೆಯದರಲ್ಲಿ ಮಗಳ ಓದು, ಮೂರನೆಯದರಲ್ಲಿ ತನ್ನ ಎಡ ಮೊಣಕಾಲು ಕಾರಣವಾಗಿದ್ದವು. ಗುರುತಿನ ಡಾಕ್ಟರರ ಸರ್ಟಿಫಿಕೇಟೂ ಜೋಡಿಸಿದ್ದ. ಮೂರೂ ಯಾವುದೋ ಫೈಲಿನಲ್ಲಿ ಹಾಯಾಗಿ ಮಲಗಿದ್ದವು. ಬೀದರದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅದರ ಮೇಲೆ ಪಕ್ಕದ ಟೇಬಲ್ಲಿನ ಓಂಪ್ರಕಾಶನ ಕಣ್ಣೂ ಬಿದ್ದಿತ್ತು.

ಅರ್ಜಿಯಿಂದ ಆಗದ್ದು ಸೈಕಲ್ಲಿನಿಂದ ಆದೀತು ಅಂತ ಹಾವಗೆಪ್ಪ ಲೆಕ್ಕ ಹಾಕಿದ. ಮೇಡಮ್ಮನವರಿಗೆ ಸೈಕಲ್ಲೆಂದರೆ ಜೀವ. ಅವರ ಮುಂದೆ ಒಮ್ಮೆ ತಾಕತ್ತು ತೋರಿಸಿದರೆ ಸಹಿ ಬಿದ್ದ ಹಾಗೆಯೇ. ಮನೆಯಲ್ಲಿ ಇದ್ದದ್ದು ಶಿವಾನಿಯ ಗುಲಾಬಿ ಬಣ್ಣದ ಸೈಕಲ್ಲು, ಮುಂದೆ ಬುಟ್ಟಿ, ಹ್ಯಾಂಡಲ್ಲಿಗೆ ಜರತಾರಿ ಜೂಲು. ಹೆಂಡತಿ ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ನಡು ಹಾದ್ಯಾಗ ಸಾಕಾದ್ರ ಯಾವುದಾರ ಗಾಡಿ ಹತ್ತಿ ಬರ್ರಿ,” ಅಂದಳು.

“ಗಾಡಿ ಹತ್ತಿದ್ರ ನನ್ನ ವರ್ಗ ಹಳ್ಳಾ ಹಿಡೀತದ,” ಅಂದ ಹಾವಗೆಪ್ಪ. “ಇವತ್ತ ಏನೇ ಆಗ್ಲಿ, ಕಾಲ ನೆಲಕ್ಕ ಹಚ್ಚಂಗಿಲ್ಲ.”

ಹನ್ನೊಂದು ಮಂದಿ ಹೊರಟರು. ಮೇಡಮ್ಮ ಮುಂದೆ, ಹಿಂದೆ ಬಿದ್ದವರನ್ನು ಎತ್ತಿಕೊಳ್ಳಲು ಲಾಲ ಅಹ್ಮದನ ಟೆಂಪೊ ಕೊನೆಗೆ. ಬೀದರದ ಕೆಂಪು ದಿಬ್ಬ ಇಳಿಯುವಾಗ ಸೈಕಲ್ಲು ತಾನಾಗಿಯೇ ಓಡಿತು, ಹಾವಗೆಪ್ಪ ತಾನೇ ಓಡಿಸಿದೆ ಅಂದುಕೊಂಡ. ಸಪಾಟು ರಸ್ತೆ ಬಂದಾಗ ನಿಜ ಗೊತ್ತಾಯಿತು. ಅದರ ಮೇಲೆ ಜನರ ಕಾಟ ಬೇರೆ. ನಮ್ಮ ಕಡೆ ಐವತ್ತರ ಹತ್ತಿರದ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಸೈಕಲ್ ತುಳಿದರೆ ಅವನಿಗೆ ಏನೋ ತಕಲೀಫು ಬಂದಿದೆ ಅಂತಲೇ ಅರ್ಥ. ಗಾಡಿ ಕೆಟ್ಟದೇನ್ರಿ ಅಂತ ಒಬ್ಬ, ಪೆಟ್ರೋಲ್ ಕೊಡ್ಲೇನ್ರಿ ಅಂತ ಇನ್ನೊಬ್ಬ. ತೊಗರಿ ತುಂಬಿದ ಟ್ರ್ಯಾಕ್ಟರಿನವನಂತೂ ಇಳಿದು ಬಂದು, ತೊಗರಿ ಮ್ಯಾಲ ಏರಿಸ್ತೀನಿ ಅಂತ ಸೈಕಲ್ಲಿಗೇ ಕೈ ಹಾಕಿದ. ಅವನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಹಾವಗೆಪ್ಪನಿಗೆ ತುಳಿದದ್ದಕ್ಕಿಂತ ಜಾಸ್ತಿ ಬೆವರು ಬಂತು.

ಭಾಲ್ಕಿ ಇನ್ನೂ ದೂರ ಇರುವಾಗಲೇ ಓಂಪ್ರಕಾಶನ ಇಪ್ಪತ್ತೊಂದು ಗೇರಿನ ಸೈಕಲ್ಲಿನ ಚೈನು ಕಡಿಯಿತು. ಅವನು ಒಂದು ಚೂರೂ ಬೇಜಾರಿಲ್ಲದೆ ಟೆಂಪೊ ಹತ್ತಿ ಕುಂತ. ಅಲ್ಲಿಂದ ಮುಂದೆ ಪ್ರತಿ ಏರಿನಲ್ಲೂ ಆ ಟೆಂಪೊ ಹಾವಗೆಪ್ಪನ ಮಗ್ಗಲಿಗೆ ಬಂದು ನಿಧಾನವಾಗುವುದು, ಲಾಲ ಅಹ್ಮದ ಹತ್ರಿ ಸಾಬ್ ಅನ್ನುವುದು, ಒಳಗಿನಿಂದ ಓಂಪ್ರಕಾಶ ಸೇಂಗಾ ಸುಲಿಯುತ್ತ ಜಾಗ ಬಾಳ ಅದ ಬರ್ರಿ ಅನ್ನುವುದು. ಹಾವಗೆಪ್ಪ ಹಲ್ಲು ಕಚ್ಚಿ ತುಳಿದ. ಬೀದರದ ಆ ಒಂದು ಕುರ್ಚಿ ಈಗ ತನ್ನದೇ ಅಂತ ಅವನಿಗೆ ಖಾತ್ರಿಯಾಗಿತ್ತು.

ಭಾಲ್ಕಿಯಲ್ಲಿ ಅವನಿಗೆ ಕಾದಿದ್ದವಳು ದಾನಮ್ಮ, ಕಸ್ತೂರಿಬಾಯಿಯ ಚಿಕ್ಕಮ್ಮ. ಅಳಿಯ ಮಗಳ ಸೈಕಲ್ ಹತ್ತಿ ಬಂದಾನ ಅನ್ನುವ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಮನೆಯಲ್ಲಿ ಜಗಳ ಆಗಿರಬೇಕು, ಇಲ್ಲವೆ ನೌಕರಿ ಹೋಗಿರಬೇಕು ಅಂತ ಆಕೆ ನಿರ್ಧಾರ ಮಾಡಿಯೂ ಬಿಟ್ಟಿದ್ದಳು. ಅವನು ಎಷ್ಟು ಹೇಳಿದರೂ ನಂಬಲಿಲ್ಲ. ನಾಕು ರೊಟ್ಟಿ, ಪುಂಡಿಪಲ್ಯೆ ಒತ್ತಾಯದಿಂದ ಉಣ್ಣಿಸಿ, ಕಣ್ಣೊರೆಸಿಕೊಂಡು, ಹಿತ್ತಲಿನಿಂದ ಒಂದು ಕುಂಬಳಕಾಯಿ ತಂದು ಸೈಕಲ್ಲಿನ ಬುಟ್ಟಿಯಲ್ಲಿ ಕೂರಿಸಿದಳು. ಏನಿಲ್ಲೆಂದರೂ ಆರು ಕಿಲೊ ಇತ್ತು.

“ಅತ್ತಿ, ಇದು ಬ್ಯಾಡ್ರಿ. ಮುಂದ ಏರ ಅದ,” ಅಂತ ಹಾವಗೆಪ್ಪ ಗೋಗರೆದ.

“ನಮ್ಮ ಹುಡುಗಿ ಉಪಾಸ ಇರಬಾರ್ದು ನೋಡ್ರಿ,” ಅಂದಳು ದಾನಮ್ಮ. ಮಾತು ಮುಗಿಯಿತು.

ಕುಂಬಳಕಾಯಿಯನ್ನು ಟೆಂಪೊಗೆ ಹಾಕಬಹುದಿತ್ತು. ಆದರೆ ಅಲ್ಲಿ ಓಂಪ್ರಕಾಶ ಇದ್ದ; ನಾಳೆ ಅವನು ಹಾವಗೆಪ್ಪನ ಸಾಮಾನು ಟೆಂಪೊದಾಗ ಬಂತ್ರಿ ಅಂತ ಮೇಡಮ್ಮನವರ ಕಿವಿ ಊದುವವನೇ. ಹಾಗಾಗಿ ಕುಂಬಳಕಾಯಿ ಬುಟ್ಟಿಯಲ್ಲೇ ಉಳಿಯಿತು.

ಮಾಂಜ್ರಾ ಕಣಿವೆಗೆ ರಸ್ತೆ ಇಳಿಯತೊಡಗಿದಾಗ ಆರು ಕಿಲೊದ ಭಾರವೇ ಅವನನ್ನು ಎಳೆದುಕೊಂಡು ಹೋಯಿತು. ಎರಡೂ ಕಡೆ ಕಡಲೆ, ಬಿಳಿಜೋಳ, ಕಬ್ಬು. ಸೇತುವೆಯ ಮೇಲೆ ತಂಪು ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ವಾರಕ್ಕೆ ಹನ್ನೆರಡು ಸಲ ತಾನು ಈ ನದಿಯನ್ನು ಬಸ್ಸಿನಲ್ಲಿ ದಾಟುತ್ತೇನೆ, ಒಮ್ಮೆಯೂ ಕಣ್ಣು ತೆರೆದಿಲ್ಲವಲ್ಲ ಅಂತ ಹಾವಗೆಪ್ಪನಿಗೆ ನಾಚಿಕೆಯಾಯಿತು, ಜೊತೆಗೇ ಎಂದೂ ಆಗದಷ್ಟು ಖುಷಿಯೂ ಆಯಿತು. ಅದೇ ಖುಷಿಯಲ್ಲಿ ಜೋರಾಗಿ ತುಳಿದವನು ಮುಂದಿನ ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಸೈಕಲ್ಲನ್ನು ಹಿಂದೆ ಹಾಕಿದ್ದ. ನೋಡಿದರೆ ಅದು ಮೇಡಮ್ಮನವರದು. ಅವರು ಬಾಯಿ ತೆರೆದು ಒಮ್ಮೆ ಅವನನ್ನೂ ಒಮ್ಮೆ ಕುಂಬಳಕಾಯಿಯನ್ನೂ ನೋಡಿದರು, ಮೊಬೈಲ್ ತೆಗೆದು ಫೋಟೋ ಹೊಡೆದರು. ಇನ್ನೇನು ಬೇಕು, ವರ್ಗ ಆಯಿತು ಅಂತ ಹಾವಗೆಪ್ಪ ಜೂಲು ಹಾರಿಸಿಕೊಂಡು ಮುಂದೆ ಹೋದ.

ಮಧ್ಯಾಹ್ನ ಮೂರಕ್ಕೆ ಔರಾದದ ಕಚೇರಿ ಅಂಗಳ ಮುಟ್ಟಿದವರಲ್ಲಿ ಅವನೇ ಮೊದಲಿಗ. ಓಂಪ್ರಕಾಶ ಮಾತ್ರ ಕೊನೆಗೆ ಬಂದ, ಲಾಲ ಅಹ್ಮದನ ಹೆಗಲ ಮೇಲೆ. ಕೊನೆಯ ಒಂದು ಫರ್ಲಾಂಗನ್ನಾದರೂ ಸೈಕಲ್ ತಳ್ಳಿಕೊಂಡು ಬಂದಂತೆ ಕಾಣಲಿ ಅಂತ ಟೆಂಪೊ ನಿಲ್ಲುವ ಮೊದಲೇ ಹಾರಿದ್ದನಂತೆ. ಮೊಣಕಾಲು ಬನ್ನಿನ ಹಾಗೆ ಊದಿತ್ತು.

ಮೇಡಮ್ಮ ಎಲ್ಲರ ಮುಂದೆ ಹಾವಗೆಪ್ಪನಿಗೆ ಶಾಲು ಹೊದಿಸಿದರು. ಆಮೇಲೆ ಒಳಗಿನಿಂದ ಒಂದು ಲಕೋಟೆ ತಂದರು.

“ಹಾವಗೆಪ್ಪನೋರೆ, ಮೊನ್ನೆ ನಿಮ್ಮ ಅರ್ಜಿ ಓದಿದೆ. ಬಸ್ಸಿನ್ಯಾಗ ಒಂದು ತಾಸು ಕುಂತ್ರ ಮೊಣಕಾಲ ಮಡಚಂಗಿಲ್ಲ ಅಂತ ಡಾಕ್ಟರ್ ಬರ್ದಿದ್ರು. ನನಗ ಬಾಳ ಕೆಟ್ಟನಿಸ್ತು. ನಿನ್ನೇನೇ ನಿಮ್ಮ ವರ್ಗದ ಆರ್ಡರಿಗಿ ಸಹಿ ಮಾಡಿಟ್ಟೀನಿ. ಇವತ್ತ ಕೊಡಬೇಕಂತಿದ್ದೆ.”

ಹಾವಗೆಪ್ಪ ಕೈ ಮುಂದೆ ಮಾಡಿದ. ಲಕೋಟೆ ಮುಂದೆ ಬರಲಿಲ್ಲ.

“ಆದ್ರ ಕುಂಬಳಕಾಯಿ ಇಟ್ಕೊಂಡು ಗುಡ್ಡದ ಮ್ಯಾಲ ನನ್ನೇ ಹಿಂದ ಹಾಕಿದ್ರಿ,” ಅಂತ ಮೇಡಮ್ಮ ನಕ್ಕರು. ಸಿಟ್ಟಿನ ನಗೆಯಲ್ಲ, ಖರೇ ಅಭಿಮಾನದ ನಗೆ. “ಇಂಥಾ ಮೊಣಕಾಲ ನನ್ನ ಆಫೀಸಿನ್ಯಾಗೇ ಇರ್ಬೇಕ್ರಿ. ಮುಂದಿನ ತಿಂಗಳ ಚಿಂತಾಕಿ ಊರಿನ ಸೈಕಲ್ ಸವಾರಿಗಿ ನೀವೇ ಕ್ಯಾಪ್ಟನ್. ಬೀದರದ ಜಾಗ ಓಂಪ್ರಕಾಶಗ ಕೊಡೂಣು. ಅವ್ರ ಮೊಣಕಾಲ ನಾನೇ ಕಣ್ಣಾರೆ ನೋಡೀನಿ, ಸರ್ಟಿಫಿಕೇಟ್ ಬೇಕಾಗಿಲ್ಲ.”

ಎಲ್ಲರೂ ಚಪ್ಪಾಳೆ ಹೊಡೆದರು. ಓಂಪ್ರಕಾಶ ನೋವಿನಲ್ಲೂ ಹೊಡೆದ.

ಸೋಮವಾರ ಮುಂಜಾನೆ ಐದೂವರೆಗೆ ಹಾವಗೆಪ್ಪ ಹಾಸಿಗೆಯಿಂದ ಏಳಲು ಹೋದರೆ ಎಡ ಮೊಣಕಾಲು ಮಡಚಲೊಲ್ಲದು. ಸರ್ಟಿಫಿಕೇಟಿನಲ್ಲಿ ಬರೆದದ್ದೆಲ್ಲ ಅಕ್ಷರಶಃ ಖರೆಯಾಗಿತ್ತು. ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದ ಕಸ್ತೂರಿಬಾಯಿ, ಸಂಜಿಗಿ ಕಡುಬು ಮಾಡ್ತೀನಿ ಅಂದಳು. ಶಿವಾನಿ ಆಗಲೇ ಎದ್ದು ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಳು. ಅಪ್ಪನ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಬರುತ್ತಾಳಂತೆ, ಚಿಂತಾಕಿಗೂ ಬರುತ್ತಾಳಂತೆ. ಹಾವಗೆಪ್ಪ ಅವಳನ್ನು ಕಣ್ತುಂಬ ನೋಡಿದ. ನೀಲಿ ಲಂಗ, ಎರಡು ಜಡೆ, ಫೋಟೋದಲ್ಲಿ ಇದ್ದದ್ದಕ್ಕಿಂತ ಎತ್ತರ ಇದ್ದಳು.

“ನಡಿಲಿಕ್ಕೇ ಬರವಲ್ದು ನಿಮಗ,” ಅಂದಳು ಕಸ್ತೂರಿಬಾಯಿ. “ಮೇಡಮ್ಮಗ ಫೋನ್ ಮಾಡಿ ಒಂದಿನ ರಜಾ ಕೇಳ್ರಿ. ಮೊಣಕಾಲ ನೋವು ಅಂತ ಹೇಳ್ರಿ.”

ಹಾವಗೆಪ್ಪ ಫೋನು ಕೈಗೆ ತೆಗೆದುಕೊಂಡ. ಮೇಡಮ್ಮನವರ ಹೆಸರು ಹುಡುಕಿದ. ಆಮೇಲೆ ಅದನ್ನು ಕಿಸೆಗೆ ಹಾಕಿಕೊಂಡು, ಮಗಳ ಹೆಗಲು ಹಿಡಿದು, ಆರೂವರೆಯ ಬಸ್ಸಿಗೆ ಕುಂಟುತ್ತ ಹೊರಟ.