ಎ ಬಂದ ದಿನ ಅತ್ತೆ ಉಣ್ಣುತ್ತಿರಲಿಲ್ಲ

ಎಲ್ಲರ ತಪ್ಪು ಒಪ್ಪುಗಳನ್ನು ಒಬ್ಬನೇ ನೋಡುವ, ನೋಡಿದ ಮೇಲೂ ಕರುಣೆಯ ಕಡೆಗೇ ವಾಲುವ ಆ ಅಲ್ಲಾಹನಿಗೆ ಮೊದಲ ಸ್ತುತಿ ಸಲ್ಲಲಿ. ಅವನ ಮೌಲ್ಯಮಾಪನದ ಮುಂದೆ ನಮ್ಮ ಕೆಂಪು ಪೆನ್ನು ಎಷ್ಟರದು?

ವಾರದ ಆರು ದಿನ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಭಾನುವಾರ ಅದೇ ಕಾಲೇಜಿನ ಎರಡು ಕೋಣೆಗಳು, ಮನೆಯಲ್ಲಿದ್ದೇ ಓದುವವರ ಒಂದು ವಿಶ್ವವಿದ್ಯಾಲಯಕ್ಕೆ ಅಧ್ಯಯನ ಕೇಂದ್ರ ಆಗುತ್ತಿದ್ದವು. ತೊಂಬತ್ತರ ದಶಕದ ಕೊನೆಯ ಮಾತು. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ಓದುವವರು ಅಸೈನ್‌ಮೆಂಟ್ ಬರೆದು ತರುತ್ತಿದ್ದರು, ನಾನು ತಿದ್ದಿ ಗ್ರೇಡ್ ಹಾಕುತ್ತಿದ್ದೆ. ನಗು ಬರುವಂಥದ್ದು ಏನೂ ನಡೆಯದೆ ಮುಗಿದ ಭಾನುವಾರ ಒಂದೂ ನೆನಪಿಲ್ಲ. ಅದರಲ್ಲೂ ಅರ್ಧಕ್ಕರ್ಧ ಪ್ರಸಂಗಗಳು ಬಂದದ್ದು ಕಮಲಾಪುರದ ಒಂದೇ ಮನೆಯಿಂದ. ಆ ಮನೆಯ ಅತ್ತೆ, ಸೊಸೆ ಇಬ್ಬರೂ ಒಂದೇ ಸಲ ಬಿ.ಎ.ಗೆ ಹೆಸರು ಹಚ್ಚಿದ್ದರು.

ಅತ್ತೆ ಅಂಗನವಾಡಿ ಕಾರ್ಯಕರ್ತೆ. ಸೂಪರ್‌ವೈಸರ್ ಆಗಬೇಕಾದರೆ ಆಕೆಗೆ ಡಿಗ್ರಿ ಬೇಕಿತ್ತು, ಬರೀ ಪಾಸಾದರೆ ಸಾಕು. ಸೊಸೆ ಪಿ.ಯು.ಸಿ. ಮುಗಿಸಿ ಮದುವೆಯಾಗಿ ಬಂದವಳು. ಅವಳಿಗೆ ಹೈಸ್ಕೂಲ್ ಟೀಚರ್ ಆಗುವ ಆಸೆ. ಅದಕ್ಕೆ ಬಿ.ಎಡ್. ಸೇರಬೇಕು, ಬಿ.ಎಡ್. ಸೇರಲು ಡಿಗ್ರಿಯ ಒಟ್ಟು ಗ್ರೇಡ್ ಬಿ ಇರಲೇಬೇಕು.

೧. ಬಾಳೆಹಣ್ಣಿನ ಪಾಠ

ಮೊದಲ ಭಾನುವಾರ ಗ್ರೇಡ್ ಪದ್ಧತಿ ತಿಳಿಸಿ ಹೇಳುವುದೇ ನನಗೆ ದೊಡ್ಡ ಪರೀಕ್ಷೆ. ಮಾರ್ಕ್ಸು, ಫಸ್ಟ್ ಕ್ಲಾಸು ಎಂದು ಕೇಳಿ ಬೆಳೆದ ಜನ. ಎ, ಬಿ, ಸಿ, ಡಿ, ಇ ಎಂದು ಬೋರ್ಡಿನ ಮೇಲೆ ಬರೆದರೆ, "ಅದೆಲ್ಲಾ ಖರೇರಿ, ಮಾರ್ಕ್ಸ್ ಎಷ್ಟು ಅಂತ ಹೇಳ್ರಿ" ಎನ್ನುವರು. ಮೂರು ಸಲ ಹೇಳಿದೆ. ಮೂರು ಸಲವೂ ಅದೇ ಪ್ರಶ್ನೆ.

ಆವತ್ತು ಅತ್ತೆ ನನಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದರು. ನಾನು ಮುಟ್ಟಿರಲಿಲ್ಲ. "ಅಕ್ಕಾರ, ನಿಮ್ಮ ಹಾಳಿ ತಿದ್ದೋ ಕೈಲೆ ನಿಮ್ಮ ಹಣ್ಣು ಇಸಗೋಬಾರದು. ಇದು ದೇವರು ನಂಬಿ ಕೊಟ್ಟ ಕೆಲಸ" ಎಂದಿದ್ದೆ. ಈಗ ಅವರು ಎದ್ದು ಬಂದು ಆ ಹಣ್ಣನ್ನು ಮೇಜಿನ ಮೇಲಿಟ್ಟು ಕ್ಲಾಸಿನ ಕಡೆ ತಿರುಗಿದರು.

"ಇಲ್ಲಿ ನೋಡ್ರಿ. ನಮ್ಮೂರಾಗ ಗೊನಿ ಕಡದ ಕೂಡ್ಲೆ ಹಣ್ಣು ಆರಸ್ತಾರ. ಎಲ್ಲಾಕಿಂತ ಛಲೋದ್ದು ಹೈದರಾಬಾದಿಗೆ ಹೋಗ್ತದ, ಅದು ಎ. ಅದರ ಕೆಳಗಿಂದು ಕಲಬುರಗಿ ಪ್ಯಾಟಿಗೆ, ಬಿ. ಆಮ್ಯಾಲಿಂದು ಊರ ಸಂತಿಗೆ, ಸಿ. ಉಳದದ್ದು ಮನ್ಯಾಗ ನಾವು ತಿಂತೀವಿ, ಡಿ. ಇ ಅಂದ್ರ ದನಕ್ಕ. ತಿಳೀತಿಲ್ಲೋ?"

ಇಡೀ ಕ್ಲಾಸು ಒಮ್ಮೆಗೇ ತಲೆ ಆಡಿಸಿತು.

"ನಿಮಗ ಯಾವುದು ಬೇಕ್ರಿ ಅಕ್ಕಾರ?" ಎಂದು ಕೇಳಿದೆ.

"ನನಗ ಡಿ ಸಾಕ್ರಿ ಸಾಹೇಬ್ರ. ಹುಟ್ಟಿದಾಗಿಂದ ಅದನ್ನೇ ತಿಂದೀನಿ, ರುಚಿ ಏನೂ ಕಮ್ಮಿ ಇರಂಗಿಲ್ಲ. ಹೈದರಾಬಾದಿಗೆ ಬೇಕಾದ್ರ ಈಕಿ ಹೋಗ್ಲಿ" ಎಂದು ಸೊಸೆಯ ಬೆನ್ನಿಗೊಂದು ಗುದ್ದಿದರು.

ಹಣ್ಣನ್ನು ಕ್ಲಾಸಿಗೆಲ್ಲ ಹಂಚಿದೆವು. ಒಟ್ಟು ಗ್ರೇಡಿನಲ್ಲಿ ಅಸೈನ್‌ಮೆಂಟಿಗೆ ನೂರಕ್ಕೆ ಮೂವತ್ತು, ಪರೀಕ್ಷೆಗೆ ಎಪ್ಪತ್ತು ಎಂಬ ಮುಖ್ಯವಾದ ಮಾತನ್ನು ನಾನು ಹೇಳಿದ್ದು ಆಗಲೇ. ಆದರೆ ಆ ಹೊತ್ತಿಗೆ ಎಲ್ಲರೂ ಸಿಪ್ಪೆ ಸುಲಿಯುವುದರಲ್ಲಿದ್ದರು.

೨. ಕೆಂಪು ಶಾಯಿ

ಸೊಸೆಯ ಮೊದಲ ಅಸೈನ್‌ಮೆಂಟಿಗೆ ಎ ಬಂತು. ನಾನು ಕೊನೆಯಲ್ಲಿ ಕೆಂಪು ಶಾಯಿಯಿಂದ "ಉತ್ತರ ಚೆನ್ನಾಗಿದೆ. ಅಕ್ಷರ ಇನ್ನಷ್ಟು ದೊಡ್ಡದಿರಲಿ" ಎಂದು ಬರೆದು, ಎ ಹಾಕಿ, ಸಹಿ ಮಾಡಿ ವಾಪಸು ಕೊಟ್ಟಿದ್ದೆ.

ಎರಡು ವಾರ ಬಿಟ್ಟು ಅತ್ತೆಯದು ಬಂತು. ಓದುತ್ತಾ ಹೋದರೆ ಎಲ್ಲಾ ಎಲ್ಲೋ ಓದಿದ ಹಾಗಿದೆ. ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಕೆಂಪು ಶಾಯಿಯಲ್ಲೇ, "ಉತ್ತರ ಚೆನ್ನಾಗಿದೆ. ಅಕ್ಷರ ಇನ್ನಷ್ಟು ದೊಡ್ಡದಿರಲಿ." ಅದರ ಕೆಳಗೆ ಎ. ಅದರ ಕೆಳಗೆ ನನ್ನ ಸಹಿ.

ಕರೆದು ಕೇಳಿದೆ. "ಅಕ್ಕಾರ, ಇದೇನ್ರಿ?"

ಅವರು ಬಗ್ಗಿ ನೋಡಿದರು. "ಯಾಕ್ರಿ, ಸಹಿ ಸರಿ ಬಂದಿಲ್ಲೇನ್ರಿ?"

ಇನ್ನೊಬ್ಬರದನ್ನು ನೋಡಿ ಇಳಿಸಿದರೆ ಗ್ರೇಡ್ ಇಲ್ಲ, ಹೊಸದಾಗಿ ಸ್ವಂತ ಮಾತಿನಲ್ಲಿ ಬರೆದು ತರಬೇಕು, ಇದು ನಿಯಮ ಎಂದೆ. ಅವರಿಗೆ ದೊಡ್ಡ ಚಿಂತೆಯಾಯಿತು. "ಪುಸ್ತಕದಾಗಿಂದು ನನಗ ಸ್ವಂತ ಹೆಂಗಾಗ್ತದ್ರಿ?"

"ನಿಮ್ಮ ಅಂಗನವಾಡಿ ಮಕ್ಕಳಿಗೆ ಹೆಂಗ ಹೇಳ್ತೀರಿ, ಹಂಗ ಬರೀರಿ" ಎಂದೆ.

ಮುಂದಿನ ಭಾನುವಾರ ತಂದರು. ಒಂದನೇ ಉತ್ತರದ ಮೊದಲ ಸಾಲು: "ಎಲ್ಲರೂ ಕೈ ಕಟ್ಟಿ ಕುಳಿತುಕೊಳ್ಳಿ." ಆದರೆ ಅದರ ಮುಂದಿನದೆಲ್ಲ ಅವರದೇ ಮಾತು, ಅಷ್ಟೂ ಸರಿಯಾಗಿತ್ತು. ನಾನು ಕೈ ಕಟ್ಟಿ ಕುಳಿತೇ ಓದಿ ಮುಗಿಸಿ, ಸಿ ಕೊಟ್ಟೆ.

೩. ಇಲ್ಲದ ಫಾರಂ

ಸೊಸೆಗೆ ಎರಡನೆಯ ಎ ಬಂತು, ಮೂರನೆಯದೂ ಬಂತು. ಒಂದು ಭಾನುವಾರ ನಾನು ಮಧ್ಯಾಹ್ನದ ನಮಾಜು ಮುಗಿಸಿ ಬರುವಾಗ ಅವಳೊಬ್ಬಳೇ ವರಾಂಡದಲ್ಲಿ ಕಾಯುತ್ತಿದ್ದಳು. ಅತ್ತೆ ಸಾಮಾನು ತರಲು ಜಗತ್ ಸರ್ಕಲ್ಲಿನ ಅಂಗಡಿಗಳ ಕಡೆ ಹೋಗಿದ್ದರು.

"ಸರ್, ಒಂದು ಮಾತು. ನನ್ನ ಎ ತಗದು ಸಿ ಮಾಡ್ತೀರೇನ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ಜಾಸ್ತಿ ಮಾಡಿ ಎಂದು ಅತ್ತವರನ್ನು ನೋಡಿದ್ದೆ. ಕಮ್ಮಿ ಮಾಡಿ ಎಂದು ಕೈ ಮುಗಿದದ್ದು ಇವಳೊಬ್ಬಳೇ.

"ಯಾಕ ಬೇಟಿ?"

ಅವಳು ಸೆರಗಿನ ತುದಿ ಸುತ್ತುತ್ತಾ ಹೇಳಿದಳು. "ನನಗ ಎ ಬಂದ ದಿನ ಅತ್ತಿ ಉಣಂಗಿಲ್ರಿ ಸರ್. ಮೂರು ಸರ್ತಿನೂ ಹಂಗೇ ಆಗ್ಯಾದ. ಕೇಳಿದ್ರ ಹಸಿವಿಲ್ಲ ಅಂತಾರ. ಓಣಿ ಹೆಣಮಕ್ಕಳು ಬ್ಯಾರೆ, ನಿನಗಿಂತ ಸೊಸೀನೇ ಶ್ಯಾಣ್ಯಾಕಿ ಅಂತಲ್ಲ ಅಂತ ಅವ್ರಿಗೆ ಕೇಳ್ತಾರ. ಮನಸಿಗೆ ಹಚ್ಚಿಕೊಂಡಾರ್ರಿ. ನನಗ ಅಷ್ಟು ಛಲೋ ನೋಡ್ಕೋತಾರ, ಅವರ ಹೊಟ್ಟಿ ಉಪಾಸ ಕೆಡವಿ ನಾ ಏನು ಓದ್ಲಿ?"

ನನಗೂ ಮನಸ್ಸು ಭಾರವಾಯಿತು. ಆದರೆ ಸತ್ಯವಾಗಿ ಬಂದ ಗ್ರೇಡನ್ನು ಕಡಿಮೆ ಮಾಡುವುದೂ ಸುಳ್ಳೇ. "ಬೇಟಿ, ಗ್ರೇಡ್ ಮತ್ತೆ ನೋಡ್ರಿ ಅನ್ನಾಕ ಫಾರಂ ಅದ. ಕಮ್ಮಿ ಮಾಡ್ರಿ ಅನ್ನಾಕ ಫಾರಂ ಇಲ್ಲ."

ಅವಳು ನಿಟ್ಟುಸಿರು ಬಿಟ್ಟಳು. "ಇರಬೇಕಿತ್ತು ಸರ್. ಈಗ ಭಾಳ ಸೊಸ್ತೇರು ಓದಾಕತ್ತಾರ."

೪. ಮೂವತ್ತೆರಡು ಪುಟ

ಪರೀಕ್ಷೆಯ ಹೊತ್ತಿಗೆ ನಾನೇ ಮೇಲ್ವಿಚಾರಕ. ಉತ್ತರ ಪತ್ರಿಕೆಯ ಮೇಲೆ ದೇವರ ಹೆಸರು, ಗುರುತು ಏನೂ ಬರೆಯಕೂಡದು, ಬರೆದರೆ ಗುರುತು ಹಚ್ಚಲು ಮಾಡಿದ್ದೆಂದು ಪತ್ರಿಕೆ ರದ್ದಾಗುತ್ತದೆ ಎಂದು ನಿಯಮ. ದಿನಸಿ ಚೀಟಿಯ ಮೇಲೂ ಬಿಸ್ಮಿಲ್ಲಾದ ಅಂಕಿ ೭೮೬ ಬರೆಯದೆ ಮುಂದೆ ಹೋಗದ ಕೈ ನನ್ನದು. ಆ ನಿಯಮ ಓದಿ ಹೇಳುವಾಗ ನನಗೇ ಸಂಕೋಚ.

ಅತ್ತೆ ಪುಟಪುಟಕ್ಕೂ ಮೇಲೆ 'ಶ್ರೀ' ಬರೆಯುವವರು. ಗಾಬರಿಯಿಂದ ಎದ್ದು ನಿಂತರು. "ಸಾಹೇಬ್ರ, ದೇವರ ಹೆಸರು ಇಲ್ಲದ ಹಾಳಿ ಮ್ಯಾಲ ನನಗ ಏನೂ ನೆನಪಾಗಂಗಿಲ್ರಿ."

"ಮನಸ್ಸಿನ್ಯಾಗ ಅನ್ರಿ ಅಕ್ಕಾರ. ಅದು ಯಾವ ವಿಶ್ವವಿದ್ಯಾಲಯಕ್ಕೂ ಕಾಣಂಗಿಲ್ಲ, ಕಾಣಬೇಕಾದವನಿಗೆ ಕಾಣ್ತದ."

ಸಮಾಧಾನದಿಂದ ಕುಳಿತರು. ಕೈ ಜೋಡಿಸಿದರು, ಕಣ್ಣು ಮುಚ್ಚಿದರು. ಐದು ನಿಮಿಷವಾಯಿತು, ಕಣ್ಣು ತೆರೆಯಲಿಲ್ಲ. ಹತ್ತಾಯಿತು. ಸುತ್ತಲಿನವರೆಲ್ಲ ಎರಡನೇ ಪುಟದಲ್ಲಿದ್ದಾರೆ. ನಾನು ಹತ್ತಿರ ಹೋಗಿ ಮೆಲ್ಲಗೆ, "ಅಕ್ಕಾರ, ಬರೀರಿ, ಹೊತ್ತು ಹೊಂಟದ" ಎಂದೆ.

ಒಂದು ಕಣ್ಣು ಮಾತ್ರ ತೆರೆದರು. "ತಡೀರಿ ಸಾಹೇಬ್ರ, ಇಪ್ಪತ್ತಕ್ಕ ಬಂದೀನಿ. ಉತ್ತರ ಬರಿಯೋ ಪುಸ್ತಕದಾಗ ಮೂವತ್ತೆರಡು ಪುಟ ಅವ, ಎಲ್ಲಾ ಪುಟದ 'ಶ್ರೀ'ನೂ ಈಗೇ ಅಂದು ಮುಗಸ್ತೀನಿ."

೫. ಅದಲುಬದಲು

ಮೂರನೆಯ ವರ್ಷ ಮುಗಿಯಿತು. ಆ ವರ್ಷವೇ ಫಲಿತಾಂಶ ಮೊದಲ ಸಲ ಇಂಟರ್‌ನೆಟ್ಟಿನಲ್ಲಿ ಬಂದದ್ದು. ಜಗತ್ ಸರ್ಕಲ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಅತ್ತೆ ಸೀದಾ ನನ್ನ ಮೇಜಿಗೆ ಬಂದರು, ಹಿಂದೆ ತಲೆ ತಗ್ಗಿಸಿ ಸೊಸೆ.

ಅತ್ತೆ ಎಲ್ಲದರಲ್ಲೂ ಪಾಸಾಗಿದ್ದರು. ಅವರಿಗೆ ಅದರ ಮೇಲೆ ಲಕ್ಷ್ಯವೇ ಇಲ್ಲ. "ಸಾಹೇಬ್ರ, ಹಾಳಿ ಅದಲುಬದಲ ಆಗ್ಯಾವ. ಇತಿಹಾಸದ ಪರೀಕ್ಷಾದಾಗ ನನಗ ಸಿ ಬಂದದ, ಈಕಿಗೆ ಡಿ ಬಂದದ. ಇದು ಆಗೋ ಮಾತೇನ್ರಿ? ಈಗಿಂದೀಗ ಮತ್ತೆ ನೋಡ್ರಿ ಅನ್ನೋ ಫಾರಂ ಕೊಡ್ರಿ."

ಆ ಒಂದು ಡಿಯಿಂದ ಸೊಸೆಯ ಒಟ್ಟು ಗ್ರೇಡ್ ಕೂದಲೆಳೆಯಷ್ಟರಲ್ಲಿ ಬಿ ತಪ್ಪಿ ಸಿ ಆಗಿತ್ತು. ಅಂದರೆ ಬಿ.ಎಡ್. ಇಲ್ಲ.

ಸೊಸೆ ಅಳುವ ದನಿಯಲ್ಲಿ, "ಫಾರಂ ಬ್ಯಾಡ್ರಿ ಅತ್ತಿ. ಹಾಳಿ ನಂದೇ. ಎರಡು ಪ್ರಶ್ನಿ ಗೊತ್ತಿದ್ದೂ ಬಿಟ್ಟು ಬಂದೀನಿ" ಎಂದಳು.

"ಬಿಟ್ಟಿ? ಯಾಕ?"

"ಒಂದರಾಗರೆ ನಿಮಗ ನನಗಿಂತ ಜಾಸ್ತಿ ಬರಲಿ ಅಂತ. ನಾ ಲೆಕ್ಕ ಹಾಕೇ ಬಿಟ್ಟಿದ್ದೆರಿ. ಅಸೈನ್‌ಮೆಂಟ್ ಅರ್ಧ, ಪರೀಕ್ಷಾ ಅರ್ಧ ಹಿಡದ್ರ ಬಿ ಉಳೀತಿತ್ತು."

"ಬೇಟಿ, ಅರ್ಧ ಅರ್ಧ ಅಲ್ಲ. ಮೂವತ್ತು, ಎಪ್ಪತ್ತು" ಎಂದೆ. ಅವಳು ಮುಖ ಮುಚ್ಚಿಕೊಂಡಳು. ಮುಚ್ಚಿಕೊಂಡೇ, ಮೂರು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟಳು. "ನನಗ ಎ ಬಂದಾಗೊಮ್ಮೆ ನೀವು ಉಣ್ಣದೆ ಮಲಗತಿದ್ರಿ ಅತ್ತಿ."

ಅತ್ತೆ ಅವಳನ್ನೇ ನೋಡಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ಏ ಹುಚ್ಚಿ! ಅದು ಹರಕಿ! ನನ್ನ ಸೊಸಿಗೆ ಎ ಬಂದ್ರ ಆವತ್ತೊಂದಿನ ನೀರ ಮ್ಯಾಲ ಇರ್ತೀನಿ ಅಂತ ದೇವರಿಗೆ ಬೇಡ್ಕೊಂಡಿದ್ದೆ. ಹರಕಿ ಬಾಯಿ ಬಿಟ್ಟು ಹೇಳಬಾರದಂತ ಹಸಿವಿಲ್ಲ ಅಂತಿದ್ದೆ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಇಷ್ಟು ದಿನ ಅವಳ ಹಾಳೆಗೆ ಎ ಹಾಕುವಾಗಲೆಲ್ಲ ಕಮಲಾಪುರದಲ್ಲಿ ಒಂದು ತಾಟು ಖಾಲಿ ಉಳಿಸಿದವನು ನಾನೇ ಎಂದು ಗೊತ್ತಿರಲಿಲ್ಲ.

ಅತ್ತೆ ಸೊಸೆಯನ್ನು ಎದೆಗೆ ಒತ್ತಿಕೊಂಡು, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು. "ಈಕಿ ಇಷ್ಟು ಎ ತಗೋತಾಳ ಅಂತ ಗೊತ್ತಿದ್ರ ಒಪ್ಪತ್ತು ಅಂತ ಬೇಡ್ಕೋತಿದ್ದೆರಿ ಸಾಹೇಬ್ರ. ಪೂರಾ ದಿನ ಅಂದು ಸಿಕ್ಕೊಂಡೆ."

೬. ಕೆಮ್ಮು

ಪಾಸಾದವರೂ ಗ್ರೇಡ್ ಸುಧಾರಿಸಿಕೊಳ್ಳಲು ಒಂದು ಸಲ, ಒಂದೇ ಸಲ, ಮತ್ತೆ ಪರೀಕ್ಷೆ ಬರೆಯಬಹುದು ಎಂದು ನಿಯಮ ಇತ್ತು. ಅತ್ತೆಯೇ ಫಾರಂ ತುಂಬಿಸಿದರು. ಓದಲಿ ಎಂದು ಅಡುಗೆಮನೆಯಿಂದ ಸೊಸೆಯನ್ನು ಹೊರಗೆ ಹಾಕಿದರಂತೆ. ಪರೀಕ್ಷೆಯ ದಿನ ತಾವೇ ಕರೆದುಕೊಂಡು ಬಂದರು.

ಹುಡುಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದಳು. ಇದೂ ಹೋದರೆ ಇನ್ನೊಂದು ಅವಕಾಶವಿಲ್ಲ. ನಾನು ಮನಸ್ಸಿನಲ್ಲೇ ದುಆ ಮಾಡಿ ಪತ್ರಿಕೆ ಕೊಟ್ಟೆ.

ಅರ್ಧ ತಾಸಾಗಿರಬಹುದು. ಹೊರಗಿನಿಂದ "ಉಹ್ಹೂಂ" ಎಂದು ಒಂದು ಕೆಮ್ಮು ಕೇಳಿತು. ಯೋಚಿಸುತ್ತಾ ಕುಳಿತಿದ್ದ ಹುಡುಗಿ ಬೆಚ್ಚಿ ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳು ಪೆನ್ನು ಕೆಳಗಿಟ್ಟು ಬೆರಳು ಮುರಿದುಕೊಂಡಳು. ಮತ್ತೆ "ಉಹ್ಹೂಂ!" ಮತ್ತೆ ಬರೆದಳು. ನೀರು ಕುಡಿಯಲು ಬಾಟಲಿ ಎತ್ತಿದಳು. ಈ ಸಲ ಎರಡು ಕೆಮ್ಮು.

ಹೊರಗಿನಿಂದ ಸನ್ನೆ ಮಾಡಿ ಉತ್ತರ ಹೇಳಿಕೊಡುವುದು ದೊಡ್ಡ ಅಪರಾಧ. ನಾನು ವರದಿ ಬರೆದು ಕಳಿಸಿದರೆ ಪತ್ರಿಕೆ ರದ್ದು. ಕಂಡೂ ಬರೆಯದಿದ್ದರೆ ದೇವರಿಗೆ ಏನೆಂದು ಉತ್ತರ ಕೊಡಲಿ? ಹೊರಗೆ ಹೋಗಿ ನೋಡಿದರೆ ಕಿಟಕಿಯ ಹೊರಗೆ ಕಲ್ಲಿನ ಮೇಲೆ ಕಲ್ಲಿಟ್ಟು ಅದರ ಮೇಲೆ ಹತ್ತಿ ಅತ್ತೆ ನಿಂತಿದ್ದಾರೆ, ಕಣ್ಣು ಸೊಸೆಯ ಪೆನ್ನಿನ ಮೇಲೆ.

"ಅಕ್ಕಾರ! ಉತ್ತರ ಹೇಳಿಕೊಡಾಕತ್ತೀರೇನ್ರಿ? ಇದು ಕಾಪಿ ಆಗ್ತದ!"

"ಯಪ್ಪಾ, ಉತ್ತರ ಯಾರು ಹೇಳ್ತಾರ್ರಿ! ಪೆನ್ನು ಇಟ್ಟಾಳ, ಮತ್ತ ಎಲ್ಲಿ ಬಿಟ್ಟು ಬರ್ತಾಳೋ ಅಂತ, ಬರಿ ಅನ್ನಾಕತ್ತೀನಿ."

"ಹಂಗಂತ ನಾ ಹೆಂಗ ನಂಬಲಿ?"

ಅತ್ತೆ ಕಲ್ಲಿನಿಂದ ಇಳಿಯದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಹೇಬ್ರ, ಈ ಪರೀಕ್ಷಾದಾಗ ನನಗ ಬಂದದ್ದೇ ಸಿ. ನಾ ಕೆಮ್ಮಿದ ಉತ್ತರ ಬರದ್ರ ಆಕಿ ಬಿ.ಎಡ್. ಕಾಲೇಜಿನ ಗೇಟ್ ತನಾನೂ ಮುಟ್ಟಂಗಿಲ್ಲ!"

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಕೋರ್ಟಿಗೂ ಸಿಗಲಾರದು. ಅವರನ್ನು ಗೇಟಿನ ಹೊರಗೆ ಕೂಡಿಸಿ ಬಂದೆ. ಒಳಗೆ ಹುಡುಗಿ ಎಲ್ಲಾ ಕೇಳಿಸಿಕೊಂಡು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಆಮೇಲೆ ಪೆನ್ನು ಕೆಳಗಿಡಲಿಲ್ಲ. ಕೊನೆಯ ಗಂಟೆಯವರೆಗೂ ಬರೆದಳು. ಮುಂದೆ ಒಟ್ಟು ಗ್ರೇಡ್ ಬಿ ಆಯಿತು, ಬಿ.ಎಡ್. ಆಯಿತು. ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ.

ಆದರೆ ಆ ದಿನದ ವರದಿ ಬರೆಯಬೇಕಿತ್ತಲ್ಲ. ಸುಳ್ಳು ಬರೆಯುವಂತಿಲ್ಲ, ಬರೆಯದೆ ಬಿಡುವಂತಿಲ್ಲ. 'ವಿಶೇಷ ಘಟನೆಗಳು' ಎಂಬ ಕಾಲಮ್ಮಿನಲ್ಲಿ ಬಹಳ ಯೋಚಿಸಿ ಹೀಗೆ ಬರೆದೆ: "ಹೊರಗೆ ಒಬ್ಬ ಮಹಿಳೆಗೆ ಕೆಮ್ಮು ಇತ್ತು. ವಿಚಾರಿಸಲಾಗಿ, ಅದರಿಂದ ಅಭ್ಯರ್ಥಿಗೆ ನಷ್ಟದ ಹೊರತು ಲಾಭವಾಗುವ ಸಂಭವವಿಲ್ಲವೆಂದು ಸದರಿ ಮಹಿಳೆಯೇ ಖಾತ್ರಿಪಡಿಸಿದ್ದಾರೆ."

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನೆಗಳಲ್ಲಿ, ಓದುವ ಕೈಗೂ ರೊಟ್ಟಿ ಬಡಿಯುವ ಕೈಗೂ ಆ ದಯಾಳು ಸಮನಾಗಿ ಬರಕತ್ತು, ಏಳಿಗೆ ಕೊಡಲಿ. ಆಮೀನ್.